ಮಾತಿಗೊಂದು ಚೀಟಿ

ಕಂಪನಿಗೋ ಬ್ಯಾಂಕಿಗೋ ಫೋನ್ ಮಾಡಬೇಕೆಂದರೆ ಎದೆ ಧಸಕ್ಕೆನ್ನುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಿಗೆ ಸೊಕ್ಕು ಎನ್ನುತ್ತಾರೆ ಕೆಲವರು, ಪುಕ್ಕಲು ಎನ್ನುತ್ತಾರೆ ಇನ್ನು ಕೆಲವರು. ನಾನು ಕಂಡಂತೆ ಅವರಲ್ಲಿ ಹೆಚ್ಚಿನವರು ಆಡಿದ ಮಾತಿಗೆ ಬೆಲೆ ಕೊಡುವ ಜನ. ಹಾಗಾಗಿ ಅವಸರದಲ್ಲಿ ಆಡಲು ಅಂಜುತ್ತಾರೆ.

*

ಗೆಳೆಯರೊಂದಿಗೆ ಗಂಟೆಗಟ್ಟಲೆ ಹರಟುವವರೂ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡುವ ಕೆಲಸವನ್ನು ನಾಳೆಗೆ ನೂಕುತ್ತಾರೆ. ಗೆಳೆಯನಿಗೆ ನಾವು ಯಾರೆಂದು ಗೊತ್ತು. ಕಂಪನಿಯ ಮುಂದೆ ನಾವು ನಾವೇ ಎಂದು ಮೊದಲು ರುಜುವಾತು ಮಾಡಬೇಕು: ಪಾಲಿಸಿ ನಂಬರ್, ಹುಟ್ಟಿದ ದಿನಾಂಕ, ರಿಜಿಸ್ಟರ್ ಆದ ಮೊಬೈಲ್ ನಂಬರ್. ಕಷ್ಟ ಹೇಳಿಕೊಳ್ಳುವ ಸರದಿ ಆಮೇಲೆ.

*

ನಮ್ಮಮ್ಮ ದಿನಸಿಗೆ ಚೀಟಿ ಬರೆದು ಕಳಿಸುತ್ತಿದ್ದಳು. ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಒತ್ತೊತ್ತಾದ ಅಕ್ಷರಗಳಲ್ಲಿ: ತೊಗರಿಬೇಳೆ ಎರಡು ಕೆ.ಜಿ., ಕಡಲೆಹಿಟ್ಟು ಅರ್ಧ, ಇಂಗು ಒಂದು ಡಬ್ಬಿ, ಬೆಲ್ಲ ಕಪ್ಪಗಿದ್ದರೆ ಬೇಡ. ಅಂಗಡಿಯ ಶೆಟ್ಟರು ಒಂದೊಂದು ಸಾಮಾನು ಕಟ್ಟಿದಂತೆ ಒಂದೊಂದು ಗೀಟು ಹಾಕಿ, ಪಕ್ಕದಲ್ಲಿ ಬೆಲೆ ಬರೆದು, ಕೊನೆಗೆ ಕೂಡಿ, ಅದೇ ಚೀಟಿಯನ್ನು ಚೀಲದೊಳಗಿಟ್ಟು ವಾಪಸ್ ಕೊಡುತ್ತಿದ್ದರು. ಏನು ಕೇಳಿದ್ದು, ಏನು ಬಂದದ್ದು, ಬಾಕಿ ಎಷ್ಟು ಎಲ್ಲವೂ ಒಂದೇ ಹಾಳೆಯಲ್ಲಿ. ಅಮ್ಮನೂ ಶೆಟ್ಟರೂ ವರ್ಷಕ್ಕೆ ನಾಲ್ಕು ಸಲ ಮುಖ ನೋಡಿದ್ದರೆ ಹೆಚ್ಚು. ಅಷ್ಟು ವರ್ಷಗಳಲ್ಲಿ ಲೆಕ್ಕದ ಮೇಲೆ ಒಂದು ದಿನವೂ ತಕರಾರು ಬರಲಿಲ್ಲ.

*

ಇವತ್ತು ಅಂಥದೇ ಚೀಟಿಯ ಫೋಟೊ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸುತ್ತೇವೆ. ಬರೆದು ವ್ಯವಹರಿಸುವುದು ಹೊಸ ಕಾಲದ ಹುಡುಗರ ಚಾಳಿ ಎನ್ನುವವರು ತಮ್ಮ ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ ಮಡಚಿಟ್ಟಿದ್ದ ಚೀಟಿಗಳನ್ನು ನೆನೆಯಲಿ.

*

ಅಲೆಕ್ಸಾಂಡರ್ ಗ್ರಹಾಂ ಬೆಲ್‌ಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿದ್ದು 1876ರ ಮಾರ್ಚಿನಲ್ಲಿ. ಮರುವರ್ಷ ಅವನು ಮದುವೆಯಾದ ಮೇಬಲ್ ಐದನೆಯ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಕಳೆದುಕೊಂಡವಳು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ದೂರದಲ್ಲಿದ್ದಾಗ ಗಂಡ ಹೆಂಡತಿ ಪತ್ರ ಬರೆದುಕೊಳ್ಳುತ್ತಿದ್ದರು. ತಾನು ಕಟ್ಟಿದ ಯಂತ್ರದಿಂದ ಅವನು ಲೋಕಕ್ಕೆಲ್ಲ ಮಾತು ಕೊಟ್ಟ. ಮನೆಯಾಕೆಗೆ ಕಾಗದವೇ ಬೇಕಾಯಿತು. ಫೋನ್ ಹುಟ್ಟಿದ ಮನೆಯಲ್ಲೇ ಫೋನ್ ಒದಗದವರೊಬ್ಬರಿದ್ದರು ಎಂಬುದನ್ನು ಗ್ರಾಹಕ ಸೇವೆಯ ವ್ಯವಸ್ಥೆ ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕು.

*

ಉಗ್ಗು ಇರುವವರಿಗೆ ಬಹಳ ಸಲ ತಮ್ಮ ಹೆಸರು ಹೇಳುವುದೇ ಎಲ್ಲಕ್ಕಿಂತ ಕಷ್ಟ. ಬೇರೆ ಮಾತಾದರೆ ತಡೆದಲ್ಲಿ ಇನ್ನೊಂದು ಪದ ಹಾಕಿ ದಾಟಬಹುದು. ಹೆಸರಿಗೆ ಬದಲಿ ಪದವಿಲ್ಲ. ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಹೆಸರೇ. ಹೆಸರು ಹೊರಡದ ಆ ಮೌನವನ್ನು ಲೈನ್ ಕಟ್ಟಾಯಿತೆಂದು ತಿಳಿದು ಆ ಕಡೆಯವರು ಫೋನ್ ಇಟ್ಟುಬಿಡುತ್ತಾರೆ. ಎದುರಿಗೆ ನಿಂತಿದ್ದರೆ ಮುಖ ನೋಡಿ ಕಾಯುತ್ತಿದ್ದರು.

*

ಟ್ರಂಕ್ ಕಾಲಿನ ಕಾಲದಲ್ಲಿ ಮೂರು ಮೂರು ನಿಮಿಷದ ಲೆಕ್ಕ. ಕಾಲ್ ಬುಕ್ ಮಾಡಿ, ಅಂಚೆ ಕಚೇರಿಯ ಬೆಂಚಿನಲ್ಲಿ ಕೂತು, ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹತ್ತು ಸಲ ಹೊಂದಿಸಿಕೊಳ್ಳುತ್ತಿದ್ದರು. ಆಪರೇಟರ್ ಇಲ್ಲದೆ ನೇರ ತಿರುಗಿಸುವ ಎಸ್‌ಟಿಡಿ ನಮ್ಮ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಖನೌ ಕಾನ್ಪುರಗಳ ನಡುವೆ. ಕರೆ ಸಲೀಸಾದಷ್ಟೂ ಕರೆಗೆ ತಯಾರಾಗುವ ರೂಢಿ ಹೋಯಿತು. ಫೋನ್ ಮಾಡಲೇಬೇಕಾದವರು ಇವತ್ತಿಗೂ ಹಾಗೇ ಕೂತು ಒಂದು ಚೀಟಿ ಬರೆದುಕೊಳ್ಳಬಹುದು: ನನ್ನ ನಂಬರ್ ಇದು, ಆದದ್ದು ಇದು, ಬೇಕಾದದ್ದು ಇದು. ಧ್ವನಿ ನಡುಗಿದರೂ ಚೀಟಿ ನಡುಗುವುದಿಲ್ಲ.

*

"ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ಮಾತನ್ನು ಮನುಷ್ಯರೇ ಹೇಳಬೇಕು. ಯಂತ್ರದ ಬಾಯಲ್ಲಿ ಹೇಳಿಸಬಾರದು.

*

"ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಎಂದು ಕಂಪನಿಯವರು ಮೊದಲೇ ತಿಳಿಸುತ್ತಾರೆ. ಆ ರೆಕಾರ್ಡು ಇರುವುದು ಅವರ ಬಳಿ. ನಮ್ಮ ಕೈಯಲ್ಲಿ ಉಳಿಯುವುದು "ಎರಡು ದಿನದಲ್ಲಿ ಆಗುತ್ತೆ ಸಾರ್" ಎಂದ ಯಾವುದೋ ಒಂದು ದನಿಯ ನೆನಪು. ಎರಡು ಕಡೆಯವರು ಮಾತಾಡಿ, ಪುರಾವೆ ಒಂದೇ ಕಡೆ ಉಳಿಯುವ ವ್ಯವಹಾರ ಸಮನಾದ ವ್ಯವಹಾರವಲ್ಲ. ಫೋನ್ ಇಷ್ಟಪಡದವರ ಹಿಂಜರಿಕೆಯೊಳಗೆ ಈ ಅಸಮಾನತೆಯ ಅರಿವೂ ಇದೆ ಎಂದು ನನ್ನ ನಂಬಿಕೆ.

*

ಮನೆಯ ನೀರಿನ ಫಿಲ್ಟರ್ ಕೆಟ್ಟಿತ್ತು. ಗ್ಯಾರಂಟಿ ಇನ್ನೂ ಮುಗಿದಿರಲಿಲ್ಲ. ನಾಲ್ಕು ಸಲ ಫೋನ್ ಮಾಡಿದೆ, ನಾಲ್ಕು ಸಲವೂ ಬೇರೆ ಬೇರೆಯವರು ಎತ್ತಿಕೊಂಡರು, ನಾಲ್ವರಿಗೂ ಕಥೆಯನ್ನು ಮೊದಲಿಂದ ಹೇಳಿದೆ. ನಾಲ್ಕನೆಯ ಸಲ ನನ್ನ ದನಿ ಏರಿತು. ಆ ಇಡೀ ಸಂಜೆ ಮನಸ್ಸು ಕಹಿಯಾಗಿತ್ತು. ಮರುದಿನ ಕೂತು ಒಂದು ಮೇಲ್ ಬರೆದೆ. ಕೊಂಡ ದಿನ, ಬಿಲ್ ನಂಬರ್, ಕೆಟ್ಟ ದಿನ, ಫೋನ್ ಮಾಡಿದ ನಾಲ್ಕು ದಿನಾಂಕ, ಇಂಥ ದಿನದೊಳಗೆ ರಿಪೇರಿ ಆಗಬೇಕು ಎಂಬ ಒಂದು ಸಾಲು, ಬಿಲ್ಲಿನ ಫೋಟೊ. ಬೈಗುಳವಿಲ್ಲ, ವಿಶೇಷಣವಿಲ್ಲ. ಮೂರನೆಯ ದಿನ ಮೆಕ್ಯಾನಿಕ್ ಬಾಗಿಲಲ್ಲಿದ್ದ.

*

ಬರೆಯುವಾಗ ಸಿಟ್ಟಿಗೆ ಸೋಸಿ ಇಳಿಯಲು ಸಮಯ ಸಿಗುತ್ತದೆ. ಮೊದಲ ಸಾಲು ಅಳಿಸಿ ಎರಡನೆಯ ಸಲ ಬರೆದದ್ದೇ ಯಾವಾಗಲೂ ಕೆಲಸಕ್ಕೆ ಬರುವ ಪತ್ರ.

*

ಬ್ಯಾಂಕು ನಮ್ಮ ದೂರಿಗೆ ಕಿವಿಗೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅದರ ಷರತ್ತು ನೋಡಿ: ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಟ್ಟಿರಬೇಕು, ಅಥವಾ ದೂರು ಕೊಟ್ಟದ್ದಕ್ಕೆ ಪುರಾವೆ ತೋರಿಸುವಂತಿರಬೇಕು, ಉತ್ತರಕ್ಕೆ 30 ದಿನ ಕಾಯಬೇಕು. ಆನ್‌ಲೈನ್ ಮಾರಾಟದ ಕಂಪನಿಗಳಿಗೆ 2020ರ ನಿಯಮ ಇನ್ನೂ ಸ್ಪಷ್ಟ: ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಂಡು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು, ಅದಕ್ಕೊಬ್ಬ ಅಧಿಕಾರಿಯನ್ನು ಹೆಸರಿಸಿರಬೇಕು. ಆ ಅಧಿಕಾರಿಯ ಹೆಸರು ವೆಬ್‌ಸೈಟಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಕಣ್ಣು ಕಿರಿದು ಮಾಡಿಯಾದರೂ ಹುಡುಕಿ. ಅಲ್ಲೂ ಆಗದಿದ್ದರೆ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ದೂರನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಸಲ್ಲಿಸಬಹುದು. ಬರೆದು ಕೇಳುವವರ ಕಡೆಗಿದೆ ಕಾನೂನು. ಇದನ್ನು ಫೋನಿಗೆ ಅಂಜುವವರಿಗೆ ಯಾರೂ ಹೇಳಿಕೊಟ್ಟಿಲ್ಲ.

*

ಬೆಂಕಿಪೊಟ್ಟಣದ ಮೇಲೆ ಬೆಲೆ ಅಚ್ಚಾಗಿದೆ. ಲಕ್ಷಗಟ್ಟಲೆ ಬಾಡಿಗೆಯ ಕಲ್ಯಾಣ ಮಂಟಪದ ಬೋರ್ಡಿನಲ್ಲಿ ಬೆಲೆ ಇಲ್ಲ, ಫೋನ್ ನಂಬರ್ ಇದೆ. ಬಾಡಿಗೆ ಎಷ್ಟೆಂದು ಬರೆದು ಕೇಳಿದರೆ "ಕಾಲ್ ಮಾಡಿ ಸಾರ್, ಮಾತಾಡೋಣ" ಎಂಬ ಉತ್ತರ. ಮದುವೆ ಯಾವ ತಿಂಗಳು, ಹುಡುಗ ಎಲ್ಲಿ ಕೆಲಸದಲ್ಲಿದ್ದಾನೆ, ಎಷ್ಟು ಜನ ಸೇರುತ್ತಾರೆ ಎಂದೆಲ್ಲ ದನಿಯಲ್ಲೇ ತೂಗಿ ನೋಡಿ ಹೇಳುವ ಬೆಲೆ ಅದು. ಸೈಟು ಮಾರುವವರೂ ಹಾಗೆ, ಮಕ್ಕಳ ಟ್ಯೂಷನ್ನಿನವರೂ ಹಾಗೆ. ಬೆಲೆ ಬರೆಯಲು ಒಪ್ಪದವರ ಬಳಿ ಕೊಳ್ಳುವ ಮೊದಲು ನಾನು ಇನ್ನೊಂದು ಕಡೆ ವಿಚಾರಿಸುತ್ತೇನೆ.

*

ಅಡಿಕೆ ಬೆಳೆಗಾರ ಮಂಡಿಯಿಂದ ಹೊರಡುವಾಗ ತೂಕದ ಚೀಟಿ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾನೆ. ಸಾಹುಕಾರರ ಮೇಲೆ ಅವನಿಗೆ ನಂಬಿಕೆ ಇದೆ. ನಂಬಿಕೆ ಉಳಿಯಲೆಂದೇ ಚೀಟಿ.

*

ಹಾಸನದ ಕಡೆಯ ಹಿರಿಯರೊಬ್ಬರು ಪಿಂಚಣಿ ಖಾತೆಯ ವಿಚಾರಕ್ಕೆ ಫೋನ್ ಮಾಡಿದ್ದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕನ್ನಡಕ್ಕೆ ಒತ್ತಿ ಎಂದ ಅಂಕಿಯನ್ನೇ ಒತ್ತಿದರು. ಕಾಯ್ದು ಕಾಯ್ದು ಬಂದ ದನಿ ಹಿಂದಿಯಲ್ಲಿತ್ತು. ಅವರು ಮೇಷ್ಟ್ರಾಗಿದ್ದವರು, ಮೂವತ್ತು ವರ್ಷ ಪಾಠ ಹೇಳಿದವರು. ಅವತ್ತು ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು "ಹಲೋ, ಹಲೋ, ಕನ್ನಡ ಬರುತ್ತಾ ತಾಯಿ" ಎಂದು ಕೇಳುತ್ತಿದ್ದರು. ಬ್ಯಾಂಕಿನ ಫಾರಂ, ಬೋರ್ಡುಗಳು ಆಯಾ ರಾಜ್ಯದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಫೋನಿನ ಆ ತುದಿಯ ದನಿಗೂ ಅದೇ ಕಟ್ಟುನಿಟ್ಟು ಬೇಕು. ಮೇಷ್ಟ್ರಿಗೆ ಫೋನ್ ಆಗದೆಂದು ಮನೆಯವರು ಮಾತಾಡಿಕೊಂಡರು. ಅವರಿಗೆ ಆಗದೇ ಹೋದದ್ದು ಫೋನಲ್ಲ. ಸ್ವಂತ ಊರಲ್ಲಿ ಕೂತು ಪರದೇಶಿಯಾಗುವುದು.

ಆಮೇಲೆ ಅವರು ಕನ್ನಡದಲ್ಲಿ ಅರ್ಜಿ ಬರೆದು, ಜೆರಾಕ್ಸ್ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬಂದರು. ಆ ಅಕ್ಷರ ನೋಡಬೇಕಿತ್ತು ನೀವು. ಕಪ್ಪುಹಲಗೆಯ ಮೇಲೆ ಬರೆದ ಹಾಗೆ ದುಂಡಗೆ.

*

ಫೋನಿನ ಆ ತುದಿಯ ದನಿಯೂ ಯಾರದೋ ಮನೆಯ ಮಗಳು, ಯಾರದೋ ಮನೆಯ ಮಗ. ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ, ರಾತ್ರಿ ಪಾಳಿಯಲ್ಲಿ, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿ, ಬರೆದುಕೊಟ್ಟ ಮಾತನ್ನೇ ಆಡುತ್ತ, ಒಂದೊಂದು ಕರೆಗೂ ಇಷ್ಟೇ ಹೊತ್ತೆಂಬ ಲೆಕ್ಕದಲ್ಲಿ ಕೂತಿರುತ್ತಾರೆ. ನಮಗೆ ದಿನಕ್ಕೊಂದು ಕರೆ ಭಾರವಾದರೆ ಅವರಿಗೆ ದಿನವಿಡೀ ಅದೇ. ತಪ್ಪು ಮಾಡಿದವರು ಆ ಲೈನಿನಲ್ಲಿ ಎಂದೂ ಸಿಗುವುದಿಲ್ಲ. ಬೈಗುಳ ತಿನ್ನುವವರು ಮಾತ್ರ ಸಿಗುತ್ತಾರೆ. ಅವರ ಮೇಲೆ ಕೂಗಾಡಬೇಡಿ.

*

ಮಿಸ್ಡ್ ಕಾಲ್ ನಮ್ಮ ಜನ ಕಟ್ಟಿಕೊಂಡ ಮೌನದ ಭಾಷೆ. ಒಂದು ರಿಂಗು ಅಂದರೆ ತಲುಪಿದೆ, ಎರಡು ರಿಂಗು ಅಂದರೆ ಕೆಳಗೆ ಬಾ. ಈಗ ಮಿಸ್ಡ್ ಕಾಲ್ ಕೊಟ್ಟರೆ ಗ್ಯಾಸ್ ಸಿಲಿಂಡರೂ ಬುಕ್ ಆಗುತ್ತದೆ. ಮಾತಿಲ್ಲದೆ ನಡೆಯಬಹುದಾದ ಕೆಲಸಕ್ಕೆ ಮಾತು ಬೇಕೆಂದು ಹಟ ಹಿಡಿಯುವುದೇಕೆ?

*

ಕೆಲವು ಮೇಲ್‌ಗಳ ಅಡಿಯಲ್ಲಿ ಹೀಗೊಂದು ಸಾಲು: ದಯವಿಟ್ಟು ಇದಕ್ಕೆ ಉತ್ತರಿಸಬೇಡಿ. ಬಾಯಿ ತೆರೆದು ಕಿವಿ ಮುಚ್ಚಿಕೊಂಡವರ ಜೊತೆ ವ್ಯಾಪಾರ ಸಾಗುತ್ತದೆ, ಸಂಬಂಧ ಬೆಳೆಯುವುದಿಲ್ಲ.

*

ಕಂಪನಿಗಳ ಚಾಟ್‌ನಲ್ಲಿ ಬರೆದರೆ ಬಹಳ ಸಲ ಉತ್ತರ ಕೊಡುವುದು ಯಂತ್ರ. ಕೇಳಿದ್ದಕ್ಕೆ ಸರಿಯಾದ ಉತ್ತರ ಬಂದರೆ ನನಗೆ ತಕರಾರಿಲ್ಲ. ಆದರೆ ನಾಲ್ಕು ಆಯ್ಕೆ ಕೊಟ್ಟು, ನಮ್ಮ ತೊಂದರೆ ಐದನೆಯದಾದರೆ ಮತ್ತೆ ಅದೇ ನಾಲ್ಕನ್ನು ಮುಂದಿಡುವಲ್ಲಿ ಬರೆಯುವುದು ಗೋಡೆಯ ಮೇಲೆ ಬರೆದಂತೆ. ಬರಹಕ್ಕೆ ಓದುವವರೊಬ್ಬರು ಬೇಕು.

*

ಬೆಂಕಿ, ಅಪಘಾತ, ಎದೆನೋವು, ರಸ್ತೆಗೆ ಬಿದ್ದ ಕರೆಂಟಿನ ತಂತಿ: ಇಲ್ಲಿ ಹಿಂಜರಿಯಬೇಡಿ, 112 ಒತ್ತಿ, ಆಂಬ್ಯುಲೆನ್ಸಿಗೆ 108. ಕರೆಯ ನಿಜವಾದ ಜಾಗ ಇದು. ಇಂಥ ಹೊತ್ತಿಗೆಂದು ಧೈರ್ಯವನ್ನು ಕೂಡಿಟ್ಟುಕೊಳ್ಳುವುದು ತಪ್ಪಲ್ಲ.

*

ಫೋನ್ ಇಡಲು ಬಿಡದವನು ಮೋಸಗಾರ. ಪೊಲೀಸ್ ಎನ್ನುತ್ತಾನೆ, ಕಸ್ಟಮ್ಸ್ ಎನ್ನುತ್ತಾನೆ, ಡಿಜಿಟಲ್ ಅರೆಸ್ಟ್ ಎನ್ನುತ್ತಾನೆ. ಅಂಥದೊಂದು ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. ಯೋಚಿಸಲು ಬಿಡುವು ಕೊಟ್ಟರೆ ಅವನ ಆಟ ಮುಗಿಯುತ್ತದೆ, ಹಾಗಾಗಿ ಮಾತಿನ ಮೇಲೆ ಮಾತು ಹೇರುತ್ತಾನೆ. "ಬರೆದು ಕಳಿಸಿ, ನೋಡಿ ಹೇಳುತ್ತೇನೆ" ಎಂದು ಹೇಳಿ ಫೋನ್ ಇಡುವುದು ರೂಢಿಯಾದ ಮನೆಯಲ್ಲಿ ಉಳಿತಾಯದ ದುಡ್ಡು ಉಳಿಯುತ್ತದೆ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಿ.

*

ಬರೆಯಲೂ ಆಗದ, ಕರೆ ಮಾಡಲೂ ಆಗದ ದಿನ ಎದ್ದು ಹೋಗಿಬಿಡುವುದು ಒಳ್ಳೆಯದು. "ಬನ್ನಿ, ಕೂತ್ಕೊಳ್ಳಿ" ಎಂಬ ಎರಡು ಪದಕ್ಕೆ ಅರ್ಧ ಜಗಳ ಕರಗುತ್ತದೆ. ಶಾಖೆಗಳನ್ನು ಮುಚ್ಚುತ್ತ ಹೋಗುವವರು ಈ ಎರಡು ಪದವನ್ನೂ ಮುಚ್ಚುತ್ತಿದ್ದಾರೆ.

*

ಮನೆಯಲ್ಲಿ ಫೋನ್ ಮಾಡಲು ಹಿಂಜರಿಯುವ ಮಗನೋ ಸೊಸೆಯೋ ಇದ್ದರೆ "ಇಷ್ಟೂ ಬರಲ್ವಾ ನಿಂಗೆ" ಎನ್ನಬೇಡಿ. ಆ ಕರೆಯನ್ನು ನೀವು ಮಾಡಿ, ಪತ್ರವನ್ನು ಅವರ ಕೈಯಲ್ಲಿ ಬರೆಸಿ. ನಮ್ಮ ಮನೆಯಲ್ಲಿ ಹಾಗೇ ಹಂಚಿಕೊಂಡಿದ್ದೇವೆ: ನನ್ನವಳು ಮಾತಾಡುತ್ತಾಳೆ, ನಾನು ಬರೆಯುತ್ತೇನೆ.

*

ಅಂಗಡಿ, ಆಫೀಸು, ಆಸ್ಪತ್ರೆ, ಗ್ಯಾರೇಜು ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಬೋರ್ಡಿನಲ್ಲಿ ಫೋನ್ ನಂಬರಿನ ಕೆಳಗೆ ಇನ್ನೊಂದು ಸಾಲಿಗೆ ಜಾಗ ಮಾಡಿ. "ಬರೆದು ಕಳಿಸಿದರೂ ಸಾಕು" ಎಂದು ಕನ್ನಡದಲ್ಲಿ ಬರೆಸಿ. ಬರೆದು ಕಳಿಸಿದವರಿಗೆ ಅದೇ ದಿನ ಉತ್ತರ ಬರೆಯಿರಿ.