ಕಲ್ಲಿನ ಗೆರೆ, ನೀರಿನ ಗೆರೆ

ಮನುಷ್ಯ ತನಗೇ ಬೇಡವಾದ ಪಾಪವನ್ನು ಯಾರೋ ಹಿಂದಿನಿಂದ ನೂಕಿದಂತೆ ಮಾಡುತ್ತಾನಲ್ಲ, ಹಾಗೆ ನೂಕುವ ಶಕ್ತಿ ಯಾವುದು ಎಂದು ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುತ್ತಾನೆ. ರಾತ್ರಿ ಹೆಂಡತಿಯ ಮೇಲೆ ಕೈಮಾಡಿ ಬೆಳಿಗ್ಗೆ ತಲೆ ತಗ್ಗಿಸಿ ಕೂತ ಗಂಡಸು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಏನಾಯಿತೋ ಗೊತ್ತಾಗಲಿಲ್ಲ, ತಲೆ ಕೆಟ್ಟುಹೋಯಿತು, ನಾನು ನಾನಾಗಿರಲಿಲ್ಲ ಎನ್ನುತ್ತಾನೆ. ಕೃಷ್ಣನ ಉತ್ತರ ಕಾಮ ಮತ್ತು ಕ್ರೋಧವನ್ನು ಹೆಸರಿಸುತ್ತದೆ. ಅಷ್ಟಕ್ಕೇ ನಿಂತಿದ್ದರೆ ಅದು ಅಪರಾಧಿಗೆ ಒಳ್ಳೆಯ ನೆಪವಾಗುತ್ತಿತ್ತು. ಆದರೆ ಮುಂದಿನ ಮಾತಿನಲ್ಲಿ ಕೃಷ್ಣ ಆ ವೈರಿಯ ನೆಲೆಯನ್ನೂ ತೋರಿಸುತ್ತಾನೆ: ಅದು ಕೂತಿರುವುದು ಆ ಮನುಷ್ಯನದೇ ಇಂದ್ರಿಯ, ಮನಸ್ಸು, ಬುದ್ಧಿಗಳಲ್ಲಿ. ಆದ್ದರಿಂದ ಅದನ್ನು ಹಿಡಿಯಬೇಕಾದವನೂ ಅವನೇ. ನೂಕಿಸಿಕೊಂಡ ಅನುಭವವನ್ನು ಗೀತೆ ಸುಳ್ಳೆನ್ನುವುದಿಲ್ಲ, ಅದರಿಂದ ಹೊಣೆ ಇಳಿಯಿತೆಂದೂ ಒಪ್ಪುವುದಿಲ್ಲ. ಗಂಡಸಿನ ಕೋಪದ ಬಗ್ಗೆ ಯೋಚಿಸುವಾಗ ನಾವು ಮತ್ತೆ ಮತ್ತೆ ಕೈಬಿಡುವುದು ಈ ಎರಡನೆಯ ಮಾತನ್ನು.

ಕೈಬಿಟ್ಟದ್ದರ ಫಲ ಲೆಕ್ಕಕ್ಕೆ ಸಿಕ್ಕಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವರ್ಷದ, ಮದುವೆಯಾಗಿದ್ದ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ನಾಲ್ಕನೆಯ ಸುತ್ತಿನಲ್ಲಿ, ಅಂದರೆ 2015–16ರಲ್ಲಿ, ಈ ಪ್ರಮಾಣ ಶೇ. 20.6 ಇತ್ತು. ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯೊಳಗೆ ಸಿಕ್ಕಿಬಿದ್ದರು, ಅದಕ್ಕೇ ಹೀಗಾಯಿತು ಎನ್ನುವಂತಿಲ್ಲ. ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು ಕೊರೊನಾಕ್ಕೂ ಮೊದಲು, 2019ರಲ್ಲಿ. ಹಿಂಸೆಯೆಲ್ಲ ಕೋಪದಿಂದಲೇ ಹುಟ್ಟುತ್ತದೆಂದು ನಾನು ಹೇಳುತ್ತಿಲ್ಲ. ತಣ್ಣಗೆ ಲೆಕ್ಕ ಹಾಕಿ ಹೊಡೆಯುವವರೂ ಇದ್ದಾರೆ. ಆದರೆ ಹೊಡೆದವನು, ಅವನ ತಾಯಿ, ಪಂಚಾಯಿತಿಗೆ ಕೂತ ಹಿರಿಯರು ಎಲ್ಲರೂ ಕೊಡುವ ವಿವರಣೆ ಮಾತ್ರ ಒಂದೇ: ಅವನಿಗೆ ಸಿಟ್ಟು ಜಾಸ್ತಿ, ಮನಸ್ಸು ಒಳ್ಳೆಯದು. ಈ ವಿವರಣೆಯನ್ನೇ ಪರೀಕ್ಷೆಗೆ ಒಡ್ಡಬೇಕು.

ಸಿಟ್ಟು ನಿಜಕ್ಕೂ ಬುದ್ಧಿಯನ್ನು ಪೂರ್ತಿ ಮುಳುಗಿಸುವ ಪ್ರವಾಹವಾಗಿದ್ದರೆ ಎದುರಿಗಿರುವವರು ಯಾರೆಂದು ಅದು ನೋಡಬಾರದಿತ್ತು. ಆದರೆ ನೋಡುತ್ತದೆ. ಮೇಲಧಿಕಾರಿ ನಾಲ್ಕು ಜನರ ಮುಂದೆ ಬೈದಾಗ ಹಲ್ಲುಕಚ್ಚಿ ನಿಂತವನು ಸಾರಿಗೆ ಉಪ್ಪು ಕಡಿಮೆಯಾದಾಗ ತಟ್ಟೆ ಎಸೆಯುತ್ತಾನೆ. ಎಸೆಯುವುದು ತಟ್ಟೆಯನ್ನೇ ಹೊರತು ಕೈಯಲ್ಲಿರುವ ತನ್ನ ಮೊಬೈಲನ್ನಲ್ಲ. ಕೂಗಾಟದ ನಡುವೆ ಬಾಗಿಲಲ್ಲಿ ನೆರೆಯವರು ಕಾಣಿಸಿದರೆ ದನಿ ತಾನಾಗಿ ಇಳಿಯುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ಇಷ್ಟನ್ನೂ ಬಲ್ಲದು: ಕೋಪ ತಿರುಗಿ ಹೊಡೆಯಲಾರದವರನ್ನು ಹುಡುಕಿಕೊಂಡು ಹೋಗುತ್ತದೆ. ಇಷ್ಟು ಆಯ್ಕೆ ಮಾಡಬಲ್ಲದ್ದರಲ್ಲಿ ತೀರ್ಮಾನವಿದೆ. ಇಲ್ಲಿ ನಾನು ದೊಡ್ಡವನು, ಇಲ್ಲಿ ನನ್ನ ಮಾತು ನಡೆಯಬೇಕು, ನಡೆಯದಿದ್ದರೆ ಶಿಕ್ಷಿಸುವ ಹಕ್ಕು ನನ್ನದು ಎಂಬ ತೀರ್ಮಾನ ಅದು, ಮತ್ತು ಸಾರಿನ ಉಪ್ಪಿಗೂ ಬಹಳ ಹಿಂದೆ ಆಗಿಹೋದದ್ದು. ಅದೇ ಐದನೆಯ ಸುತ್ತಿನ ಸಮೀಕ್ಷೆಯಲ್ಲಿ ದೇಶದ ಶೇ. 44ರಷ್ಟು ಗಂಡಸರು ಯಾವುದಾದರೊಂದು ಕಾರಣಕ್ಕೆ ಗಂಡ ಹೆಂಡತಿಯನ್ನು ಹೊಡೆಯುವುದು ಸರಿ ಎಂದರು. ಪ್ರಶ್ನೆಗಳಿಗೆ ಉತ್ತರಿಸುತ್ತ ಕೂತವರಿಗೆ ಆಗ ಸಿಟ್ಟೇನೂ ಬಂದಿರಲಿಲ್ಲ.

ಈ ತೀರ್ಮಾನಕ್ಕೆ ಜೈನರು ಮಾನ ಎನ್ನುತ್ತಾರೆ. ಕ್ರೋಧ, ಮಾನ, ಮಾಯೆ, ಲೋಭ ಎಂಬ, ಆತ್ಮವನ್ನು ಮಲಿನಗೊಳಿಸುವ ನಾಲ್ಕು ಕಷಾಯಗಳಲ್ಲಿ ಅದು ಕ್ರೋಧದ ಪಕ್ಕದಲ್ಲೇ ಇದೆ. ಇವೆರಡರ ನಂಟನ್ನು ಭರತ–ಬಾಹುಬಲಿಯರ ಕಥೆಯಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಕಥೆ ಕನ್ನಡದವರಿಗೆ ಸಿಗುವುದು ಕಷ್ಟ. 941ರಲ್ಲಿ ಪಂಪ ಆದಿಪುರಾಣದಲ್ಲಿ ಅದನ್ನು ಕನ್ನಡಕ್ಕೆ ತಂದ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಚಕ್ರವರ್ತಿ ಭರತ ಎರಡೂ ಸೈನ್ಯಗಳ ಕಣ್ಣೆದುರು ತಮ್ಮನಿಗೆ ಸೋಲುತ್ತಾನೆ. ಮಾಡಿಕೊಂಡಿದ್ದ ಒಪ್ಪಂದವನ್ನು ಮುರಿದು ಚಕ್ರರತ್ನವನ್ನು ಅವನ ಮೇಲೆ ಬಿಡುತ್ತಾನೆ. ಭರತನಿಗೆ ಯಾರೂ ಅನ್ಯಾಯ ಮಾಡಿರಲಿಲ್ಲ. ಹಿರಿತನಕ್ಕೆ ಪೆಟ್ಟುಬಿದ್ದಿತ್ತು, ಅಷ್ಟೆ. ಗೆದ್ದ ಬಾಹುಬಲಿ ಅಣ್ಣನನ್ನು ನೆಲಕ್ಕೆ ಅಪ್ಪಳಿಸಬಹುದಾಗಿದ್ದ ಹೊತ್ತಿನಲ್ಲಿ ಕೆಳಗಿಳಿಸಿ ರಾಜ್ಯವನ್ನೇ ಬಿಟ್ಟುಹೋಗುತ್ತಾನೆ. ನನಗೆ ಮುಖ್ಯವೆನಿಸುವುದು ಆಮೇಲಿನ ಭಾಗ. ಬಳ್ಳಿ ಮೈಗೆ ಹಬ್ಬುವಷ್ಟು ಕಾಲ ತಪಸ್ಸಿಗೆ ನಿಂತರೂ ಅವನಿಗೆ ಕೇವಲಜ್ಞಾನ ಆಗುವುದಿಲ್ಲ. ಅಣ್ಣನನ್ನು ಕುರಿತ ಒಂದು ಕಸಿವಿಸಿ ಒಳಗೆ ಉಳಿದಿತ್ತು ಎನ್ನುತ್ತದೆ ಪರಂಪರೆ. ಕೈ ತಡೆದುಕೊಂಡದ್ದು ದೊಡ್ಡದೇ. ಆದರೂ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ.

ಶ್ರವಣಬೆಳಗೊಳದಲ್ಲಿ ಆ ಬಾಹುಬಲಿಯನ್ನು ಕಲ್ಲಿನಲ್ಲಿ ನಿಲ್ಲಿಸಿದ ಚಾವುಂಡರಾಯನ ಗುರು ನೇಮಿಚಂದ್ರರು ಗೊಮ್ಮಟಸಾರದಲ್ಲಿ ಕೋಪಕ್ಕೆ ಒಂದು ಅಳತೆಗೋಲು ಕೊಟ್ಟಿದ್ದಾರೆ. ಬಂಡೆಯ ಮೇಲಿನ ಗೆರೆ, ನೆಲದ ಬಿರುಕು, ಧೂಳಿನಲ್ಲಿ ಎಳೆದ ಗೆರೆ, ನೀರಿನ ಮೇಲಿನ ಗೆರೆ ಎಂದು ಕೋಪ ನಾಲ್ಕು ಬಗೆ. ಮೊದಲನೆಯದು ನರಕಕ್ಕೆ, ಎರಡನೆಯದು ಪ್ರಾಣಿಜನ್ಮಕ್ಕೆ, ಮೂರನೆಯದು ಮನುಷ್ಯಜನ್ಮಕ್ಕೆ, ಕೊನೆಯದು ದೇವಗತಿಗೆ ಒಯ್ಯುತ್ತದೆ. ಜನ್ಮಾಂತರವನ್ನು ನಂಬದವರಿಗೂ ಈ ಅಳತೆ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯವಾಗಿ ನಾವು ಕೋಪವನ್ನು ಅಳೆಯುವುದು ದನಿಯ ಎತ್ತರದಿಂದ. ಇಲ್ಲಿ ಅಳೆಯುವುದು ಅದು ಎಷ್ಟು ಕಾಲ ಉಳಿಯುತ್ತದೆ ಎಂಬುದರಿಂದ. ಒಮ್ಮೆ ರೇಗಿ ಐದು ನಿಮಿಷಕ್ಕೆ ಮರೆತವನಿಗಿಂತ, ದನಿಯನ್ನೇ ಏರಿಸದೆ ಮದುವೆಮನೆಯಲ್ಲಿ ಆದ ಅವಮಾನವನ್ನು ಹತ್ತು ವರ್ಷ ಹೆಂಡತಿಗೆ ಚುಚ್ಚಿ ನೆನಪಿಸುವವನ ಕೋಪ ಹೆಚ್ಚು ಅಪಾಯದ್ದು. ಆದರೆ ಈ ಅಳತೆಗೋಲನ್ನು ಕೋಪಿಷ್ಠನ ಕೈಗೇ ಕೊಟ್ಟರೆ ಮೋಸಹೋಗುತ್ತೇವೆ. ‘ನನ್ನದು ಕ್ಷಣಿಕ ಕೋಪ, ಆಗಲೇ ಮರೆತೆ’ ಎನ್ನುವವನ ಮನೆಯಲ್ಲಿ ಮಕ್ಕಳು ಮರೆತಿರುವುದಿಲ್ಲ. ಅಪ್ಪನ ಬೈಕಿನ ಸದ್ದು ಕೇಳಿದೊಡನೆ ಟೀವಿ ಆರುತ್ತದೆಯೇ? ಅಂಕಪಟ್ಟಿ ತೋರಿಸುವ ಮೊದಲು ಮಕ್ಕಳು ಅಪ್ಪನ ಮುಖ ಹೇಗಿದೆ ಎಂದು ಅಮ್ಮನನ್ನು ಕೇಳುತ್ತಾರೆಯೇ? ಹಾಗಿದ್ದರೆ ಅವನಿಗೆ ನೀರಿನ ಗೆರೆಯಾಗಿ ಕಂಡದ್ದು ಅವರ ಮೇಲೆ ಕಲ್ಲಿನ ಗೆರೆಯಾಗಿದೆ. ಗುರುತಿಸಲು ಇದಕ್ಕಿಂತ ನಂಬಿಕೆಯ ಲಕ್ಷಣ ನನಗೆ ತೋರುವುದಿಲ್ಲ.

ಸಿಟ್ಟನ್ನು ಒಳಗಿಟ್ಟುಕೊಂಡರೆ ಕೆಟ್ಟದ್ದು, ಹೊರಹಾಕಿಬಿಟ್ಟರೆ ಹಗುರಾಗುತ್ತದೆ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ವಿದ್ಯಾವಂತರಲ್ಲಿ ಇದಕ್ಕೆ ಬಹಳ ಮನ್ನಣೆಯಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಸಿಟ್ಟು ಬರಿಸಿದವನನ್ನೇ ನೆನೆಯುತ್ತ ಗುದ್ದುಚೀಲಕ್ಕೆ ಗುದ್ದಿದವರ ಕೋಪ ಸುಮ್ಮನೆ ಕೂತಿದ್ದವರ ಕೋಪಕ್ಕಿಂತ ಹೆಚ್ಚಾಗಿತ್ತು. 2024ರಲ್ಲಿ ಅವರೂ ಸೊಫಿ ಕ್ಯಾರ್ವಿಕ್ ಅವರೂ 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ದೇಹದ ಬಿಸಿ ಇಳಿಸುವ ಉಸಿರಾಟ, ಧ್ಯಾನ, ಸ್ನಾಯುಗಳ ಸಡಿಲಿಕೆಗಳು ಕೋಪ ತಗ್ಗಿಸುತ್ತವೆ, ಬಿಸಿ ಏರಿಸುವ ಕೆಲಸಗಳು ಒಟ್ಟಾರೆ ತಗ್ಗಿಸುವುದಿಲ್ಲ ಎಂದು ಕಂಡುಕೊಂಡರು. ಗೀತೆಯ ಎರಡನೆಯ ಅಧ್ಯಾಯದ ಸರಪಳಿ ನೆನಪಾಗುತ್ತದೆ. ಅಲ್ಲಿ ಕ್ರೋಧ ನಡುವಿನ ಕೊಂಡಿ. ಮೊದಲ ಕೊಂಡಿ, ಮನಸ್ಸು ಒಂದೇ ವಿಷಯವನ್ನು ಮತ್ತೆ ಮತ್ತೆ ಮೆಲುಕು ಹಾಕುವುದು. ಕಚೇರಿಯಿಂದ ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಹೀಗಂದರೆ ನಾನು ಹೀಗನ್ನಬೇಕು ಎಂದು ಒಳಗೇ ಜಗಳ ಆಡಿ ಮುಗಿಸಿದವನು ಹೊಸಿಲು ದಾಟುವ ಹೊತ್ತಿಗೆ ಸಿದ್ಧನಾಗಿರುತ್ತಾನೆ. ಕೂಗುವ ಕ್ಷಣದಲ್ಲಿ ಹತ್ತು ಎಣಿಸು ಎಂಬ ಉಪದೇಶ ಸೋಲುವುದು ಇದಕ್ಕೇ. ಎಣಿಸಬೇಕಾದದ್ದು ಬಸ್ಸಿನಲ್ಲಿತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಕೋಪವೇ ಇಲ್ಲದಿದ್ದರೆ ಅನ್ಯಾಯವನ್ನು ಎದುರಿಸುವವರು ಯಾರು? ಮಹಾಭಾರತದ ವನಪರ್ವದಲ್ಲಿ ದ್ರೌಪದಿ ಧರ್ಮರಾಯನಿಗೆ ಒಡ್ಡುವ ಸವಾಲು ಇದು. ಸದಾ ಕೋಪವೂ ಸಲ್ಲದು, ಸದಾ ಕ್ಷಮೆಯೂ ಸಲ್ಲದು ಎಂದು ಪ್ರಹ್ಲಾದ ಬಲಿಗೆ ಹೇಳಿದ ಮಾತನ್ನು ಆಕೆ ಆಧಾರವಾಗಿ ತರುತ್ತಾಳೆ. ಧರ್ಮರಾಯ ಕ್ಷಮೆಯನ್ನು ಎತ್ತಿಹಿಡಿಯುತ್ತಾನೆ, ಆಕೆ ಒಪ್ಪುವುದಿಲ್ಲ. ದ್ರೌಪದಿಯ ಪಕ್ಷ ಸರಿ ಎಂದೇ ನನ್ನ ಎಣಿಕೆ, ಮತ್ತು ಮನೆಯೊಳಗಿನ ಗಂಡಸಿನ ಕೋಪಕ್ಕೆ ಅದು ಯಾವ ಆಸರೆಯನ್ನೂ ಕೊಡುವುದಿಲ್ಲ. ತುಂಬಿದ ಸಭೆಯಲ್ಲಿ ತನ್ನ ಮೇಲೆ ನಡೆದ ಅನ್ಯಾಯಕ್ಕೆ, ತನಗಿಂತ ಬಲವುಳ್ಳವರ ಎದುರು ಆಕೆಯ ಕೋಪ ನಿಂತಿತ್ತು, ಕೇಳಿದ್ದು ನ್ಯಾಯವನ್ನು. ಕೆಳಗಿನವರ ಮೇಲೆ ಹರಿಯುವ ಕೋಪ ಕೇಳುವುದು ವಿಧೇಯತೆಯನ್ನು. ತಾನು ಧರ್ಮಕ್ಕಾಗಿ ಸಿಟ್ಟಾದೆನೆಂದು ನಂಬಿದವನು ಅದು ಯಾವ ದಿಕ್ಕಿಗೆ ಹರಿಯಿತು ಎಂದು ನೋಡಿಕೊಳ್ಳಲಿ. ಋಷಿಗಳೂ ಕೋಪಿಸಿಕೊಳ್ಳುತ್ತಿದ್ದರಲ್ಲ ಎನ್ನುವವರು ವಿಶ್ವಾಮಿತ್ರನ ಕಥೆಯನ್ನು ಕೊನೆಯವರೆಗೆ ಓದಬೇಕು. ರಂಭೆಯನ್ನು ಶಪಿಸಿದ್ದಕ್ಕೆ ಅವನ ತಪಸ್ಸೇ ವ್ಯಯವಾಯಿತು, ಅವನು ಮತ್ತೆ ಮೊದಲಿನಿಂದ ಕೂರಬೇಕಾಯಿತು.

ಗಂಡಸಿಗೂ ನೋವಿದೆ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಹುಡುಗರಿಗೆ ಅಳಬೇಡ ಎಂದು ಕಲಿಸುತ್ತೇವೆ. ದುಃಖ, ಭಯ, ನಾಚಿಕೆ ಎಲ್ಲವೂ ಸಿಟ್ಟಿನ ಒಂದೇ ಬಾಗಿಲಿನಿಂದ ಹೊರಬರುವುದನ್ನು ಕಲಿಯುತ್ತವೆ. ಖಿನ್ನತೆ ಎಷ್ಟೋ ಗಂಡಸರಲ್ಲಿ ಅಳುವಾಗಿ ಕಾಣದೆ ಸಿಡುಕಾಗಿ ಕಾಣುತ್ತದೆ. ಕುಡಿತದ ಪಾಲೂ ಸಣ್ಣದಲ್ಲ: ಗಂಡ ಪದೇ ಪದೇ ಕುಡಿದು ಅಮಲೇರುವ ಮನೆಗಳಲ್ಲಿ ದೇಶದ ಶೇ. 70ರಷ್ಟು ಹೆಂಗಸರು ಹಿಂಸೆ ಅನುಭವಿಸಿದ್ದರೆ, ಗಂಡ ಕುಡಿಯದ ಮನೆಗಳಲ್ಲಿ ಶೇ. 23ರಷ್ಟು. ಎರಡನೆಯ ಸಂಖ್ಯೆಯನ್ನೂ ಓದಬೇಕು. ಬಾಟಲಿ ಇಲ್ಲದ ಮನೆಯಲ್ಲೂ ಹಿಂಸೆ ಇದೆ. ಕಾಯಿಲೆ ಇದ್ದರೆ ಔಷಧವಿದೆ, ಮತ್ತು ಔಷಧ ಹುಡುಕುವುದು ಹೊಣೆ ಹೊತ್ತವನ ಮೊದಲ ಕೆಲಸ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಿಟ್ಟಿಗಾಗಿ ಕರೆ ಮಾಡುವುದು ಎದೆನೋವಿಗೆ ಆಸ್ಪತ್ರೆಗೆ ಹೋದಷ್ಟೇ ಸಹಜವಾಗಬೇಕು. ಉಳಿದದ್ದು ದಿನದಿನದ ಅಭ್ಯಾಸ: ದವಡೆ ಬಿಗಿಯುವುದನ್ನು, ಕಿವಿ ಕಾಯುವುದನ್ನು ಗಮನಿಸುವುದು, ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದು ಹೇಳಿ ಎದ್ದುಹೋಗಿ, ಹೇಳಿದ ಹೊತ್ತಿಗೆ ಹಿಂತಿರುಗುವುದು, ಹೊರಗೆ ಕಳೆದ ಆ ಅರ್ಧ ಗಂಟೆಯನ್ನು ಜಗಳದ ಮೆಲುಕಿಗೆ ಕೊಡದಿರುವುದು, ನನಗೆ ಅವಮಾನವಾಯಿತು, ನನಗೆ ಹೆದರಿಕೆಯಾಗಿದೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಲು ಕಲಿಯುವುದು.

ಧರ್ಮದ ಹೆಸರಿನಲ್ಲಿ ನಡೆಯುತ್ತ ಬಂದ ಒಂದು ಅನ್ಯಾಯವನ್ನೂ ಹೇಳಲೇಬೇಕು. ಕ್ಷಮಾಗುಣವನ್ನು ಎಲ್ಲ ಮತಗಳೂ ಹೊಗಳಿವೆ, ಅದನ್ನು ಹೊರಿಸಿದ್ದು ಮಾತ್ರ ಹೆಚ್ಚಾಗಿ ಪೆಟ್ಟು ತಿಂದವಳ ಮೇಲೆ. ಭೂಮಿಯಂತೆ ಸಹಿಸು, ಹೊಟ್ಟೆಗೆ ಹಾಕಿಕೋ ಎಂದು ಅವಳಿಗೆ ಬೋಧಿಸಿದಷ್ಟು, ಕೋಪ ಬಿಡು ಎಂದು ಅವನಿಗೆ ಬೋಧಿಸಿದ್ದಿಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ ಜೈನರು ಆಚರಿಸುವ ಕ್ಷಮಾವಾಣಿಯಲ್ಲಿ ಪ್ರತಿಯೊಬ್ಬನೂ ತಾನೇ ಹೋಗಿ ಕ್ಷಮೆ ಕೇಳಬೇಕು. ಅಲ್ಲಿ ಮೊದಲ ಹೆಜ್ಜೆ ನೋಯಿಸಿದವನದು. ಕೇಳಿದೆನೆಂಬ ಮಾತ್ರಕ್ಕೆ ಸಿಗಲೇಬೇಕೆಂದು ಹಟ ಹಿಡಿದರೆ ಅದೂ ಮತ್ತೆ ಮಾನವೇ. ಅವನು ಬದಲಾದನೇ ಎಂದು ಹೇಳಬೇಕಾದವರು ಆ ಮನೆಯವರು. ಅದನ್ನು ಹೇಳಲು ಅವರು ವರ್ಷಗಟ್ಟಲೆ ತೆಗೆದುಕೊಳ್ಳಬಹುದು, ಹೇಳದೆಯೂ ಇರಬಹುದು. ಅವಳು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ರಕ್ಷಣೆ ಕೋರಿದರೆ, ಅದು ಅವಳ ಕ್ಷಮಾಗುಣದ ಕೊರತೆಯಲ್ಲ. ಅವನ ಸಾಧನೆಗೆ ಬಂದ ಅಡ್ಡಿಯೂ ಅಲ್ಲ. ಅವಳು ಹೊರಟುಹೋದ ಮೇಲೂ ಅವನು ಮಾಡಬೇಕಾದ ಕೆಲಸ ಅಷ್ಟೇ ಇರುತ್ತದೆ.