ಕಚ್ಚಿದ್ದು ಗೊತ್ತು, ಕಚ್ಚಿದವರು?

2000ನೇ ಇಸವಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ ಅಚ್ಚಾಯಿತು. ಅಮೆರಿಕದ ಉತ್ತರ ಡಕೋಟಾ ಮತ್ತು ವಯೋಮಿಂಗ್‌ಗಳಲ್ಲಿ ಸಿಕ್ಕಿದ, ಶುಂಠಿಯ ಬಳಗಕ್ಕೆ ಸೇರಿದ ಗಿಡದ ಎಲೆಗಳ ಪಳೆಯುಳಿಕೆ ಅದರ ವಸ್ತು. ಅವುಗಳಲ್ಲಿ ಹಳೆಯವು ಡೈನೋಸಾರ್‌ಗಳ ಕೊನೆಗಾಲದವು. ಆ ಎಲೆಗಳ ಮೇಲೆ ನರಗಳ ಗುಂಟ ಹೆರೆದು ತಿಂದ ಉದ್ದುದ್ದ ಪಟ್ಟಿಗಳಿದ್ದವು. ಪ್ರಬಂಧ ಬರೆದ ಪೀಟರ್ ವಿಲ್ಫ್, ಕಾನ್ರಾಡ್ ಲಬಂಡೇರಾ ಮತ್ತು ಸಂಗಡಿಗರು ಆ ಪಟ್ಟಿಗಳನ್ನು ನೋಡಿ ತಿಂದವರು ಯಾರೆಂದು ಹೇಳಿದರು. ಇಂದಿಗೂ ಅಮೆರಿಕದ ಉಷ್ಣವಲಯದ ಕಾಡುಗಳಲ್ಲಿ, ಶುಂಠಿ ಮತ್ತು ಹೆಲಿಕೋನಿಯಾ ಗಿಡಗಳ ಇನ್ನೂ ಬಿಚ್ಚಿಕೊಳ್ಳದ ಸುರುಳಿ ಎಲೆಯೊಳಗೆ ಒಂದು ಬಗೆಯ ದುಂಬಿಗಳು ಬದುಕುತ್ತವೆ. ಹೀಗೆ ತಿನ್ನುವುದು ಅವು ಮಾತ್ರ, ಆದ್ದರಿಂದ ಇದು ಅವುಗಳ ಪೂರ್ವಜರದೇ ಕೆಲಸ ಎಂಬುದು ಅವರ ತೀರ್ಮಾನ. ದುಂಬಿಯ ದೇಹದ ಪಳೆಯುಳಿಕೆಗಳು ಹೇಳುತ್ತಿದ್ದ ವಯಸ್ಸಿಗೆ ಒಂದೇ ಏಟಿಗೆ ಕನಿಷ್ಠ 2 ಕೋಟಿ ವರ್ಷ ಸೇರಿಕೊಂಡಿತು. ಅಲ್ಲಿ ಒಂದು ಕಾಲು, ಒಂದು ರೆಕ್ಕೆ, ಒಂದು ಮೀಸೆ ಕೂಡ ಸಿಕ್ಕಿರಲಿಲ್ಲ. ಇದ್ದದ್ದು ಊಟದ ಗುರುತು ಮಾತ್ರ.

ಎಂಟು ವರ್ಷದ ಮೇಲೆ, ಬದುಕಿರುವ ಅದೇ ದುಂಬಿಗಳನ್ನು ಬಲ್ಲ ಇಬ್ಬರು ಸಂಶೋಧಕರು, ಗಾರ್ಸಿಯಾ-ರೊಬ್ಲೆಡೊ ಮತ್ತು ಸ್ಟೇನ್ಸ್, ಆ ಗುರುತುಗಳನ್ನು ಮತ್ತೆ ಹೋಲಿಸಿ ನೋಡಿದರು. ಶುಂಠಿ ಬಳಗದ ಎಲೆ ತಿನ್ನುವ ಪತಂಗದ ಮರಿಹುಳುಗಳೂ ಇಂಥ ಪಟ್ಟಿಗಳನ್ನು ಮಾಡಬಲ್ಲವು, ದುಂಬಿಯದೇ ಎಂದು ಖಚಿತವಾಗಿ ಹೇಳಲಾಗದು ಎಂದರು. ಎಲೆ ಬದಲಾಗಲಿಲ್ಲ, ಪಟ್ಟಿ ಬದಲಾಗಲಿಲ್ಲ. ಅಲುಗಾಡಿದ್ದು ‘ಇವರು ಮಾತ್ರ’ ಎಂಬ ಮಾತು.

ಈ ಜಗಳದಲ್ಲಿ ಯಾರು ಗೆದ್ದರು ಎಂಬುದು ಕೀಟಶಾಸ್ತ್ರಜ್ಞರಿಗೆ ಬಿಟ್ಟದ್ದು. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ಎರಡೂ ಪಕ್ಷದವರು ಒಂದು ವಿಷಯದಲ್ಲಿ ತಕರಾರೇ ಎತ್ತಲಿಲ್ಲ. ಆರೂವರೆ ಕೋಟಿ ವರ್ಷಕ್ಕೂ ಹಿಂದೆ ಯಾವುದೋ ಒಂದು ಜೀವಿ ಆ ಎಲೆಯನ್ನು ತಿಂದಿತು ಎಂಬುದನ್ನು ಇಬ್ಬರೂ ಒಪ್ಪಿದರು. ನಡೆದದ್ದರ ಬಗ್ಗೆ ಅನುಮಾನವಿಲ್ಲ, ನಡೆಸಿದವರ ಬಗ್ಗೆ ಇದೆ. ಮಾಡಿದವನು ಯಾರೆಂದು ತಿಳಿಯದೆ ಮಾಡಿದ ಕೆಲಸವನ್ನು ಇಷ್ಟು ಗಟ್ಟಿಯಾಗಿ ತಿಳಿಯುವುದು ಹೇಗೆ ಸಾಧ್ಯ? ಭೂತಕಾಲದ ಜ್ಞಾನವೆಂದರೆ ಏನು ಎಂಬ ದೊಡ್ಡ ಪ್ರಶ್ನೆ ಇಲ್ಲಿ ಅಂಗೈಯಗಲದ ಎಲೆಯ ಮೇಲೆ ಕೂತಿದೆ.

ಮೊದಲು ಆ ಗಟ್ಟಿತನ ಎಲ್ಲಿಂದ ಬರುತ್ತದೆ ನೋಡೋಣ. ತೂತಿನಿಂದಲ್ಲ. ಎಲೆಯಲ್ಲಿ ತೂತು ನೂರು ಕಾರಣಕ್ಕೆ ಬೀಳುತ್ತದೆ. ಆಲಿಕಲ್ಲು ಬಡಿಯಬಹುದು, ಕೆರೆಯ ತಳದಲ್ಲಿ ಕೊಳೆಯುವಾಗ ಹರಿಯಬಹುದು, ಕಲ್ಲನ್ನು ಸೀಳುವವನ ಉಳಿಯೇ ತಾಗಿರಬಹುದು. ಗೊತ್ತಿದ್ದವರು ತೂತನ್ನು ನೋಡುವುದಿಲ್ಲ, ತೂತಿನ ಅಂಚನ್ನು ನೋಡುತ್ತಾರೆ. ಜೀವಂತ ಎಲೆಗೆ ಗಾಯವಾದರೆ ಅದು ಸುಮ್ಮನಿರುವುದಿಲ್ಲ. ಗಾಯದ ಸುತ್ತ ಹೊಸ ಅಂಗಾಂಶ ಬೆಳೆಸಿ ಅಂಚನ್ನು ದಪ್ಪ ಮಾಡಿಕೊಳ್ಳುತ್ತದೆ. ಕಲ್ಲಾದ ಮೇಲೂ ಅದು ಕಪ್ಪು ಕಟ್ಟಿನಂತೆ ಕಾಣುತ್ತದೆ. ಬಿದ್ದು ಸತ್ತ ಎಲೆಗೆ ಗಾಯ ಮಾಯಿಸಿಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಕಪ್ಪು ಅಂಚಿದ್ದರೆ ಎಲೆ ಮರದ ಮೇಲಿದ್ದಾಗಲೇ ಯಾರೋ ತಿಂದರು, ತಿಂದಮೇಲೆ ಅದು ಕೆಲವು ದಿನವಾದರೂ ಬದುಕಿತ್ತು ಎನ್ನಬಹುದು. ಇದಕ್ಕೆ ಇತರ ಸಾಕ್ಷಿಗಳೂ ಕೂಡಿಕೊಳ್ಳುತ್ತವೆ. ದವಡೆಯ ಅಳತೆಗೆ ತಕ್ಕಂತೆ ಸಾಲಾಗಿ ಮೂಡಿದ ಅರ್ಧಚಂದ್ರದ ಕಚ್ಚುಗಳು, ಜಗಿಯಲಾರದೆ ಬಿಟ್ಟ ನರದ ಎಳೆಗಳು, ಸುರಂಗ ಕೊರೆದ ಹುಳು ದಾರಿಯುದ್ದಕ್ಕೂ ಬಿಟ್ಟುಹೋದ ಹಿಕ್ಕೆ.

ಗಮನಿಸಬೇಕಾದದ್ದು, ಮುಖ್ಯ ಸಾಕ್ಷಿ ಹೇಳುತ್ತಿರುವುದು ಕೀಟವಲ್ಲ, ಎಲೆ. ತಿಂದವನ ಗುರುತಿಗಿಂತ ತಿನ್ನಿಸಿಕೊಂಡವರ ಪ್ರತಿಕ್ರಿಯೆ ಹೆಚ್ಚು ಉಳಿದಿದೆ. ಇದಕ್ಕೆ ತದ್ವಿರುದ್ಧವಾಗಿ, ಶೇಲ್ ಪದರದಲ್ಲಿ ಅಚ್ಚುಕಟ್ಟಾಗಿ ಅಚ್ಚೊತ್ತಿದ ಒಂದು ದುಂಬಿಯನ್ನು ಯೋಚಿಸಿ. ಅದರ ಕುಲಗೋತ್ರವೆಲ್ಲ ಹೇಳಬಹುದು. ಅದು ಯಾವ ಮರದ ಎಲೆ ತಿಂದಿತು ಎಂಬುದನ್ನು ದವಡೆಯಿಂದ ಊಹೆ ಮಾಡಬಹುದೇ ಹೊರತು ಕಾಣಲಾಗದು. ದೇಹದ ಪಳೆಯುಳಿಕೆ ವಸ್ತುವನ್ನು ಉಳಿಸುತ್ತದೆ. ಕಚ್ಚಿದ ಎಲೆ ಎರಡು ಜೀವಗಳ ನಡುವಿನ ಸಂಬಂಧವನ್ನು ಉಳಿಸುತ್ತದೆ. ಸಂಬಂಧಕ್ಕೆ ಮೈಯಿಲ್ಲ, ಅದು ಕಲ್ಲಾಗಲಾರದು ಎಂದು ನಾವು ಅಂದುಕೊಂಡಿರುತ್ತೇವೆ. ಆಗಬಲ್ಲದು.

ಕಾರ್ಯದಿಂದ ಕಾರಣಕ್ಕೆ ಹೋಗುವ ಈ ದಾರಿಗೆ ನಮ್ಮ ತರ್ಕಶಾಸ್ತ್ರದಲ್ಲಿ ಶೇಷವತ್ ಅನುಮಾನ ಎಂದು ಹೆಸರಿದೆ. ತುಂಬಿ ಹರಿಯುವ ಹೊಳೆಯನ್ನು ನೋಡಿ ಮೇಲೆಲ್ಲೋ ಮಳೆಯಾಗಿದೆ ಎನ್ನುವುದು ಅದರ ಪ್ರಸಿದ್ಧ ಉದಾಹರಣೆ. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಒಬ್ಬ ಪೂರ್ವಪಕ್ಷಿ ಎದ್ದು ನಿಂತು ಇದನ್ನೇ ಹರಿದುಹಾಕುತ್ತಾನೆ. ಹೊಳೆಗೆ ಅಡ್ಡ ಬಿದ್ದರೂ ನೀರು ತುಂಬುತ್ತದೆ. ಇರುವೆಗಳು ಮೊಟ್ಟೆ ಹೊತ್ತು ಹೊರಟರೆ ಮಳೆ ಬರುತ್ತದೆ ಅನ್ನುತ್ತೀರಿ, ಗೂಡು ಕೆಟ್ಟರೂ ಹೊರಡುತ್ತವಲ್ಲ? ನವಿಲಿನ ಕೂಗನ್ನು ಮನುಷ್ಯನೂ ಕೂಗಬಲ್ಲ. ಆದ್ದರಿಂದ ಅನುಮಾನ ಪ್ರಮಾಣವೇ ಅಲ್ಲ ಎಂಬುದು ಅವನ ವಾದ. ‘ಪತಂಗದ ಹುಳುವೂ ಹಾಗೇ ತಿನ್ನುತ್ತದಲ್ಲ’ ಎಂದ ಇಬ್ಬರು ಈ ಪೂರ್ವಪಕ್ಷಿಯ ಮೊಮ್ಮಕ್ಕಳು.

ಇದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಉತ್ತರ ನನಗೆ ಬಹಳ ಇಷ್ಟ. ಹೊಳೆ ತುಂಬಿದೆ ಎಂಬಷ್ಟೇ ಲಿಂಗವಲ್ಲ, ಅಂದರೆ ಅನುಮಾನಕ್ಕೆ ಆಧಾರವಾಗುವ ಗುರುತಲ್ಲ, ಎನ್ನುತ್ತಾನೆ ಆತ. ಸೆಳವು ಹೆಚ್ಚಿದೆ, ನೊರೆ ಇದೆ, ಹಣ್ಣು ಎಲೆ ಕಟ್ಟಿಗೆ ತೇಲಿ ಬರುತ್ತಿವೆ. ಇವೆಲ್ಲ ಕೂಡಿದ ತುಂಬು ಹೊಳೆಯೇ ಮಳೆಯ ಗುರುತು. ಅಡ್ಡ ಕಟ್ಟಿದ್ದರಿಂದ ತುಂಬಿದ ನೀರು ಬೇರೆಯದೇ ಆಗಿ ಕಾಣುತ್ತದೆ. ತಪ್ಪು ಅನುಮಾನದ್ದಲ್ಲ, ಅರ್ಧ ನೋಡಿ ಪೂರ್ತಿ ಹೇಳಿದವನದ್ದು. ಒಂದು ಗುರುತಿನಿಂದ ತೀರ್ಪು ಕೊಡಬೇಡ, ಒಂದಕ್ಕೊಂದು ಸಂಬಂಧವಿಲ್ಲದ ಗುರುತುಗಳು ಒಂದೇ ಕಡೆ ಬೆರಳು ತೋರಿಸುವವರೆಗೆ ಕಾಯಿ ಎಂಬ ಈ ನಿಯಮ ಪಳೆಯುಳಿಕೆಯ ಎಲೆಗೆ ಹೇಳಿ ಮಾಡಿಸಿದಂತಿದೆ.

ಇತ್ತೀಚಿನ ತತ್ತ್ವಜ್ಞಾನದಲ್ಲೂ ಈ ಜಗಳ ನಡೆದಿದೆ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಕ್ಯಾರಲ್ ಕ್ಲೀಲ್ಯಾಂಡ್, ಹಿಂದೆ ನಡೆದದ್ದನ್ನು ಅರಸುವ ವಿಜ್ಞಾನ ಪ್ರಯೋಗಶಾಲೆಯ ವಿಜ್ಞಾನಕ್ಕಿಂತ ಕೀಳಲ್ಲ ಎಂದು ವಾದಿಸಿದರು. ಒಂದು ಘಟನೆ ಹತ್ತಾರು ಕುರುಹು ಬಿಟ್ಟು ಹೋಗುತ್ತದೆ, ಅವುಗಳಲ್ಲಿ ಸ್ವಲ್ಪ ಸಿಕ್ಕರೂ ಘಟನೆಯನ್ನು ಹಿಡಿಯಬಹುದು ಎಂಬುದು ಅವರ ತರ್ಕ. ಡೆರೆಕ್ ಟರ್ನರ್ ಒಪ್ಪಲಿಲ್ಲ. ಕಾಲ ಕುರುಹುಗಳನ್ನು ಅಳಿಸುತ್ತಲೇ ಇರುತ್ತದೆ, ಪ್ರಯೋಗದವನು ಹೊಸ ಸಾಕ್ಷಿ ಹುಟ್ಟಿಸಬಲ್ಲ, ಪಳೆಯುಳಿಕೆಯವನಿಗೆ ಆ ಭಾಗ್ಯವಿಲ್ಲ ಎಂದರು. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಸರಿ, ಆದರೆ ಬೇರೆ ಬೇರೆ ಪ್ರಶ್ನೆಗೆ. ‘ಏನಾಯಿತು’ ಎಂಬ ಪ್ರಶ್ನೆಗೆ ಕ್ಲೀಲ್ಯಾಂಡ್ ಸರಿ, ‘ಯಾರು’ ಎಂಬ ಪ್ರಶ್ನೆಗೆ ಟರ್ನರ್ ಸರಿ. ಎರಡನ್ನೂ ಒಂದೇ ಪ್ರಶ್ನೆಯೆಂದು ತಿಳಿದದ್ದರಿಂದ ಇಬ್ಬರ ವಾದವೂ ಬೇಕಿದ್ದಕ್ಕಿಂತ ಉದ್ದವಾಯಿತು.

ವಿಚಿತ್ರವೆಂದರೆ ಎಲೆಗಳನ್ನು ಓದುವವರು ತತ್ತ್ವಜ್ಞಾನಿಗಳನ್ನು ಕೇಳದೆ ಈ ಎರಡನ್ನು ಬೇರ್ಪಡಿಸಿಯೇ ಕೆಲಸ ಮಾಡುತ್ತಾರೆ. ಲಬಂಡೇರಾ, ವಿಲ್ಫ್ ಮತ್ತಿತರರು 2007ರಲ್ಲಿ ಹೊರತಂದ ಕೈಪಿಡಿಯಲ್ಲಿ ಹಾನಿಯ ನಮೂನೆಗಳಿಗೆ (ಡ್ಯಾಮೇಜ್ ಟೈಪ್, ಚಿಕ್ಕದಾಗಿ ಡಿಟಿ) ಕೀಟದ ಹೆಸರಿಟ್ಟಿಲ್ಲ, ನಂಬರು ಕೊಟ್ಟಿದ್ದಾರೆ. ಒಂದು ಮಿಲಿಮೀಟರಿಗಿಂತ ಸಣ್ಣ ದುಂಡು ತೂತು ಡಿಟಿ1, ಅದಕ್ಕಿಂತ ದೊಡ್ಡದು, ಐದು ಮಿಲಿಮೀಟರಿನವರೆಗಿನದು ಡಿಟಿ2, ಅಂಚಿನಲ್ಲಿ ಕಚ್ಚಿದ ಬಾಗು ಡಿಟಿ12. ಆಗ 150ರಷ್ಟಿದ್ದ ನಮೂನೆಗಳು ಈಗ 400 ದಾಟಿವೆ. ಹೆಸರಿಡುವ ಚಪಲವನ್ನು ಅದುಮಿಟ್ಟ ಈ ಸಂಯಮವೇ ಇಡೀ ಶಾಸ್ತ್ರದ ಬೆನ್ನೆಲುಬು ಎಂದು ನಾನು ಹೇಳುತ್ತೇನೆ. ಅದೇ ಜನ ಶುಂಠಿ ಎಲೆಯ ವಿಷಯದಲ್ಲಿ ಹೆಸರು ಹೇಳಿ ಸಿಕ್ಕಿಬಿದ್ದರು ಎಂಬುದು ಈ ಮಾತಿಗೆ ಇನ್ನಷ್ಟು ಬಲ ಕೊಡುತ್ತದೆ.

ನಂಬರು ಯಾಕೆ ಬೇಕು ಎಂಬುದು ಭಾರತದ ಕಲ್ಲಿದ್ದಲ ಪದರಗಳನ್ನು ನೋಡಿದರೆ ತಿಳಿಯುತ್ತದೆ. ರಾಣಿಗಂಜ್ ಮೊದಲಾದ ಕಡೆ ಸಿಗುವ ಗ್ಲೊಸಾಪ್ಟರಿಸ್ ಎಂಬ ಮರದ ಎಲೆಗಳು ಪರ್ಮಿಯನ್ ಯುಗದವು, 25 ಕೋಟಿ ವರ್ಷಕ್ಕೂ ಹಳೆಯವು. ಅವುಗಳ ಮೇಲೂ ಅಂಚು ತಿಂದ ಬಾಗುಗಳಿವೆ. ಇವತ್ತು ಅಂಥ ಬಾಗು ಕಂಡರೆ ಮೊದಲು ನೆನಪಾಗುವುದು ಕಂಬಳಿಹುಳು, ಹಸಿರು ಮರಿಹುಳು. ಆದರೆ ಪತಂಗ ಚಿಟ್ಟೆಗಳ ಅತಿ ಹಳೆಯ ಕುರುಹೂ ಅಷ್ಟು ಹಳೆಯದಲ್ಲ. ಗ್ಲೊಸಾಪ್ಟರಿಸ್ ಮರ ಬದುಕಿದ್ದಾಗ ಅದನ್ನು ತಿಂದ ಬಾಯಿ ಬೇರೆಯದು. ಬಾಯಿಗಳು ಬದಲಾದವು, ಕಚ್ಚಿನ ಆಕಾರ ಬದಲಾಗಲಿಲ್ಲ. ಎಲೆಯ ಅಂಚನ್ನು ಹಿಡಿದು ತಿನ್ನುವುದಕ್ಕೆ ಇರುವ ದಾರಿಗಳೇ ಕೆಲವು, ಯಾರು ಬಂದರೂ ಅವುಗಳಲ್ಲಿ ಒಂದನ್ನು ತುಳಿಯಬೇಕು. ನಮ್ಮ ರಸ್ತೆ ಬದಿಯ ಹೊಂಗೆ ಎಲೆಯ ಮೇಲಿನ ಗಂಟುಗಳನ್ನೇ ನೋಡಿ. ಬಹಳ ಜನ ಅವನ್ನು ಹುಳುವಿನ ಕೆಲಸ ಎಂದುಕೊಂಡಿರುತ್ತಾರೆ. ಅವು ಒಂದು ಬಗೆಯ ನುಸಿಯವು, ಅದು ಕೀಟವೇ ಅಲ್ಲ, ಜೇಡದ ಬಳಗದ್ದು. ಕಣ್ಣೆದುರಿನ ಎಲೆಯಲ್ಲೇ ಯಾರೆಂಬುದು ಇಷ್ಟು ಸುಲಭವಾಗಿ ತಪ್ಪುತ್ತದೆ.

ಹಾಗಾದರೆ ಹೆಸರು ಹೇಳಲೇಬಾರದೆ? ಅಷ್ಟು ದೂರ ನಾನು ಹೋಗಲಾರೆ. ಜರ್ಮನಿಯ ಮೆಸೆಲ್ ಗಣಿಯಿಂದ ಬಂದ ಒಂದು ಎಲೆ ಅದಕ್ಕೆ ಅಡ್ಡಿ. ಅದು 4.8 ಕೋಟಿ ವರ್ಷ ಹಳೆಯದು. ಅದರ ನರಗಳ ಎರಡೂ ಪಕ್ಕದಲ್ಲಿ, ಡಂಬೆಲ್ ಆಕಾರದ ಸಣ್ಣ ಗಾಯಗಳು, ಒಂದಲ್ಲ ಎರಡಲ್ಲ, 29 ಇವೆ. ಹಸಿವಾದ ಕೀಟ ತಿನ್ನುವುದು ನರಗಳ ನಡುವಿನ ಮೆತ್ತನೆಯ ಭಾಗವನ್ನು. ನರವನ್ನೇ ಆರಿಸಿ ಕಚ್ಚಿ, ಏನೂ ತಿನ್ನದೆ ಬಿಡುವವರು ಯಾರು? ಇಂದು ಥಾಯ್ಲೆಂಡಿನ ಕಾಡಿನಲ್ಲಿ ಒಫಿಯೊಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಇರುವೆಯ ಮೈಯೊಳಗೆ ಬೆಳೆದು ಅದರ ನಡೆಯನ್ನು ತನ್ನ ಅಂಕೆಗೆ ತೆಗೆದುಕೊಳ್ಳುತ್ತದೆ. ಸೋಂಕು ತಗುಲಿದ ಇರುವೆ ಎಲೆಯ ಅಡಿಯ ನರವನ್ನು ದವಡೆಯಿಂದ ಕಚ್ಚಿ ಹಿಡಿದು ಅಲ್ಲೇ ಸಾಯುತ್ತದೆ. ಆಮೇಲೆ ಅದರ ತಲೆಯಿಂದ ಶಿಲೀಂಧ್ರ ಮೊಳೆಯುತ್ತದೆ. 2011ರಲ್ಲಿ ಡೇವಿಡ್ ಹ್ಯೂಸ್, ಟಾರ್ಸ್ಟನ್ ವಾಪ್ಲರ್ ಮತ್ತು ಲಬಂಡೇರಾ ಮೆಸೆಲ್ ಎಲೆಯ ಗಾಯಗಳನ್ನು ಈ ಸಾವಿನ ಹಿಡಿತದೊಂದಿಗೆ ಹೋಲಿಸಿದರು. ಗಾಯದ ಆಕಾರ, ನರದ ಮೇಲಿನ ಜಾಗ, ತಿನ್ನದೆ ಬಿಟ್ಟದ್ದು, ಒಂದೇ ಎಲೆಯಲ್ಲಿ ಇಷ್ಟೊಂದು, ಎಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ. ಇಲ್ಲಿ ನೊರೆಯೂ ಇದೆ, ತೇಲುವ ಕಟ್ಟಿಗೆಯೂ ಇದೆ. ಆದರೂ ‘ಯಾರು’ ಎಂಬ ಪ್ರಶ್ನೆ ಇಲ್ಲಿ ಇನ್ನಷ್ಟು ಗೋಜಲಾಗುತ್ತದೆ. ಕಚ್ಚಿದ ದವಡೆ ಇರುವೆಯದು, ಕಚ್ಚಿಸಿದ್ದು ಶಿಲೀಂಧ್ರ. ಕರ್ತೃ ಯಾರು? ಕಲ್ಲು ಇದಕ್ಕೆ ಉತ್ತರಿಸಲಾರದು. ನಿಜ ಹೇಳಬೇಕೆಂದರೆ ಇವತ್ತಿನ ಜೀವಂತ ಇರುವೆಯನ್ನು ಕಣ್ಣಾರೆ ನೋಡುತ್ತಾ ಕೂತರೂ ಉತ್ತರ ಸುಲಭವಲ್ಲ.

ಇಷ್ಟು ಹೊತ್ತು ಇದ್ದ ಗುರುತಿನ ಮಾತಾಯಿತು. ಇಲ್ಲದ ಗುರುತು ಇನ್ನೂ ಕಷ್ಟದ್ದು. 6.6 ಕೋಟಿ ವರ್ಷದ ಹಿಂದೆ ಆಕಾಶಕಾಯ ಬಡಿದು ಡೈನೋಸಾರ್‌ಗಳು ಅಳಿದಾಗ ಕೀಟಗಳಿಗೆ ಏನಾಯಿತು? ಕೀಟಗಳ ದೇಹದ ದಾಖಲೆ ಇದಕ್ಕೆ ಸಾಲದು. ಉತ್ತರ ಡಕೋಟಾದ ನೈರುತ್ಯ ಭಾಗದ 13,441 ಸಸ್ಯ ಪಳೆಯುಳಿಕೆಗಳನ್ನು ಪರೀಕ್ಷಿಸಿ 2002ರಲ್ಲಿ ಲಬಂಡೇರಾ, ಕರ್ಕ್ ಜಾನ್ಸನ್ ಮತ್ತು ವಿಲ್ಫ್ ಒಂದು ಉತ್ತರ ಕೊಟ್ಟರು. ಬಂಡೆಯ ಪದರಗಳಲ್ಲಿ ಆ ಅಳಿವನ್ನು ಗುರುತಿಸುವ ಗಡಿಯ ಕೆಳಗೆ, ಅಂದರೆ ಅಳಿವಿಗೆ ಮೊದಲು, ಹೇರಳವಾಗಿದ್ದ ವಿಶೇಷ ಬಗೆಯ ಗುರುತುಗಳು, ಅಂದರೆ ಒಂದೇ ಗಿಡವನ್ನು ನಂಬಿ ಬಾಳುವವರ ಸುರಂಗ, ಗಂಟು ಇತ್ಯಾದಿ, ಗಡಿಯ ಮೇಲೆ ಬಹುಮಟ್ಟಿಗೆ ಕಾಣೆಯಾಗಿವೆ. ಏನು ಸಿಕ್ಕರೂ ತಿನ್ನುವವರ ಗುರುತು ಮಾತ್ರ ಮತ್ತೆ ಚೇತರಿಸಿಕೊಂಡಿದೆ.

‘ಕಾಣಲಿಲ್ಲ’ ಎಂಬುದರಿಂದ ‘ಇರಲಿಲ್ಲ’ ಎಂಬುದಕ್ಕೆ ಹಾರಬಹುದೇ? ಕತ್ತಲೆ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದಲ್ಲ. ಬೆಳಕಿದ್ದು, ಇದ್ದರೆ ಕಂಡೇ ಕಾಣುತ್ತಿತ್ತು ಎಂಬ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲವೆನ್ನಬಹುದು. ಇದನ್ನು ಮೀಮಾಂಸಕರೂ ನೈಯಾಯಿಕರೂ ಹಿಂದೆಯೇ ಹೇಳಿದ್ದಾರೆ. ಹದಿಮೂರು ಸಾವಿರ ಎಂಬ ಸಂಖ್ಯೆಯ ಕೆಲಸ ಇದೇ, ಆ ಕೋಣೆಗೆ ಬೆಳಕು ತರುವುದು. ಆದರೆ ಆ ಬೆಳಕು ಉತ್ತರ ಡಕೋಟಾದ ಕೋಣೆಗೆ ಮಾತ್ರ. 2006ರಲ್ಲಿ ಅದೇ ತಂಡ ಅಳಿವಿನ ನಂತರದ ಎರಡು ಜಾಗಗಳನ್ನು ತೋರಿಸಿತು. ಕೊಲರಾಡೊದ ಕ್ಯಾಸಲ್ ರಾಕ್‌ನಲ್ಲಿ ಗಿಡಗಳ ವೈವಿಧ್ಯ ಅಪಾರ, ಕಚ್ಚಿನ ಗುರುತು ಕಡಿಮೆ. ಮೊಂಟಾನಾದ ಮೆಕ್ಸಿಕನ್ ಹ್ಯಾಟ್‌ನಲ್ಲಿ ಗಿಡಗಳ ಬಗೆ ಕೆಲವೇ, ಎಲೆಯ ತುಂಬ ಕಚ್ಚು, ಸುರಂಗ. ಗಿಡ ಹೆಚ್ಚಿದರೆ ಅದನ್ನು ತಿನ್ನುವವರೂ ಹೆಚ್ಚುತ್ತಾರೆ ಎಂಬ ನಮ್ಮ ಸರಳ ಲೆಕ್ಕ ಅಲ್ಲಿ ನಿಲ್ಲಲಿಲ್ಲ. ಒಂದು ಕಡೆಯ ಇಲ್ಲದಿರುವಿಕೆಯನ್ನು ಲೋಕದ ಇಲ್ಲದಿರುವಿಕೆ ಎನ್ನುವಂತಿಲ್ಲ.

ಈ ವಾದವೆಲ್ಲ ಕೊನೆಗೆ ನಿಲ್ಲುವುದು ಆಯುವವರ ಕೈಯ ಮೇಲೆ. ಹಿಂದೆ ಸಂಗ್ರಹಾಲಯಗಳಿಗೆ ಎಲೆ ಆಯುತ್ತಿದ್ದವರು ನರ ಸ್ಪಷ್ಟವಾಗಿರುವ, ಹರಿಯದ, ಅಂದವಾದ ಮಾದರಿಯನ್ನು ಇಟ್ಟುಕೊಂಡು ತಿಂದದ್ದನ್ನು ಅಲ್ಲೇ ಎಸೆಯುತ್ತಿದ್ದರು. ಗಿಡದ ಜಾತಿ ಗುರುತಿಸುವುದಷ್ಟೇ ಗುರಿಯಾಗಿದ್ದಾಗ ಅದು ಸಹಜ. ಆದರೆ ಅಂಥ ಸಂಗ್ರಹವನ್ನು ಮುಂದಿಟ್ಟುಕೊಂಡು ‘ಆ ಕಾಲದಲ್ಲಿ ಕೀಟಗಳು ಕಡಿಮೆ ಇದ್ದವು’ ಎಂದರೆ, ದೀಪ ಆರಿಸಿ ಗಡಿಗೆ ಹುಡುಕಿದಂತೆಯೇ. ಕರ್ನಾಟಕದ ಬಹುಪಾಲು ಬಂಡೆಗಳು ಭೂಮಿಯ ಮೇಲೆ ಎಲೆಯೇ ಇಲ್ಲದ ಕಾಲದವು, ನಮ್ಮ ಊರಿನ ಗುಡ್ಡದಲ್ಲಿ ಇಂಥದ್ದು ಸಿಗುವ ಸಂಭವ ಕಡಿಮೆ. ಆದರೆ ಇಲ್ಲಿನ ಭೂವಿಜ್ಞಾನದ ವಿದ್ಯಾರ್ಥಿಗಳು ಕಲ್ಲಿದ್ದಲ ಸೀಮೆಗೆ ಕ್ಷೇತ್ರಕಾರ್ಯಕ್ಕೆ ಹೋಗುವುದುಂಟು. ಅಲ್ಲಿ ಗ್ಲೊಸಾಪ್ಟರಿಸ್ ಆಯುವಾಗ ತೂತು ಬಿದ್ದದ್ದನ್ನೂ, ಅಂಚು ಹೋದದ್ದನ್ನೂ ಚೀಲಕ್ಕೆ ಹಾಕಿಕೊಳ್ಳಿ. ಚೀಟಿಯ ಮೇಲೆ ನಂಬರು ಬರೆಯಿರಿ. ತಿಂದವರ ಹೆಸರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಿ.