ಹಿರಿಯರು ಬಿಟ್ಟುಕೊಟ್ಟ ಸ್ಥಳ

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 15ನೆಯ ಅಧ್ಯಾಯ, 36ರಿಂದ 41ನೆಯ ವಚನಗಳು.

ಪ್ರಿಯರೇ, ದೇವನಹಳ್ಳಿ, ದೊಡ್ಡಬಳ್ಳಾಪುರದ ಸೀಮೆಯಲ್ಲಿ ನೀಲಿ ದ್ರಾಕ್ಷಿಯ ಚಪ್ಪರಗಳನ್ನು ಕಾಣದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು. ಆ ಬಳ್ಳಿಯ ಕಾಂಡವು ಎಷ್ಟು ದಪ್ಪವಾಗಿದ್ದರೂ, ಎಷ್ಟು ವರುಷಗಳದಾಗಿದ್ದರೂ ಗೊಂಚಲು ಅದರ ಮೈಮೇಲೆ ಕಟ್ಟುವದಿಲ್ಲ. ಸವರಿದ ಮೇಲೆ ಹೊರಡುವ ಹೊಸ ಚಿಗುರಿನಲ್ಲಿಯೇ ಹೂವೂ ಕಾಯೂ ಕಾಣಿಸುತ್ತವೆ. ಕಾಂಡವು ಆ ಚಿಗುರನ್ನು ಹೊತ್ತು ಅದಕ್ಕೆ ನೀರುಣಿಸುತ್ತದೆ. ತೋಟದಲ್ಲಿ ಇದನ್ನು ಚೆನ್ನಾಗಿ ಬಲ್ಲ ನಾವು ಆಲಯದೊಳಗೆ ಕಾಲಿಟ್ಟ ಕೂಡಲೆ ಯಾಕೋ ಮರೆತುಬಿಡುತ್ತೇವೆ.

ಕ್ರಿಸ್‌ಮಸ್ ಬಂದರೆ ನಕ್ಷತ್ರ ಕಟ್ಟುವದಕ್ಕೆ, ಸುಗ್ಗಿಯ ಹಬ್ಬ ಬಂದರೆ ಬೆಂಚುಗಳನ್ನು ಹೊರುವದಕ್ಕೆ ನಮ್ಮ ಗ್ರಾಮಸಭೆಗಳಲ್ಲಿ ಯೌವನಸ್ಥರು ಬೇಕು. ಪಾಠ ಓದುವದಕ್ಕೆ, ಪ್ರಾರ್ಥನೆ ನಡಿಸುವದಕ್ಕೆ, ಕಾಣಿಕೆಯ ಲೆಕ್ಕ ಬರೆಯುವದಕ್ಕೆ? "ಇನ್ನೂ ಹುಡುಗರು, ಸ್ವಲ್ಪ ತಾಳಲಿ" ಎಂಬ ಉತ್ತರವು ಸಿದ್ಧವಾಗಿರುತ್ತದೆ. ಹೀಗೆ ತಾಳಿ ತಾಳಿ ಮೂವತ್ತು ದಾಟಿದವರನ್ನು ನಾವು ಬಲ್ಲೆವು. ತಾಳಲಾರದೆ ಹೊರಟುಹೋದವರನ್ನೂ ಬಲ್ಲೆವು.

ಈ ವಿಷಯದಲ್ಲಿ ನಮಗೆ ಬುದ್ಧಿ ಕಲಿಸಿದ್ದು ಕಾಲ್ಚೆಂಡಿನ ಬಯಲು ಎಂದರೆ ಕೆಲವರು ನಗಬಹುದು. ನಗಲಿ. ಪೌಲನು ಸಹ ಓಟದ ಪಂದ್ಯದಿಂದ ದೃಷ್ಟಾಂತ ತೆಗೆದುಕೊಂಡವನೇ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ಎಂಬ ತಂಡಕ್ಕೆ ಮೊದಲಿನಿಂದಲೂ ಆಧಾರವಾಗಿದ್ದವನು ಸುನಿಲ್ ಛೆಟ್ರಿ. ಭಾರತ ದೇಶದ ಪರವಾಗಿ ಎಲ್ಲರಿಗಿಂತಲೂ ಹೆಚ್ಚು ಗೋಲು ಹೊಡೆದವನು. 2022–23ರ ಇಂಡಿಯನ್ ಸೂಪರ್ ಲೀಗಿನಲ್ಲಿ ಈ ತಂಡವು ಸೋಲಿನ ಮೇಲೆ ಸೋಲನ್ನು ಕಂಡು ಪಟ್ಟಿಯ ಕೆಳಭಾಗಕ್ಕೆ ಇಳಿದಿತ್ತು. ಹೀಗಿರಲಾಗಿ ತರಬೇತುದಾರನಾದ ಸೈಮನ್ ಗ್ರೇಸನ್ ಎಂಬ ಇಂಗ್ಲೆಂಡಿನವನು 38 ವರುಷದ ಛೆಟ್ರಿಯನ್ನು ಪಂದ್ಯದ ಆರಂಭದಲ್ಲಿ ಹೊರಗೆ ಬೆಂಚಿನ ಮೇಲೆ ಕೂರಿಸಿ, ಮೀಸಲು ತಂಡದಲ್ಲಿ ಬೆಳೆದು ಬಂದಿದ್ದ ಶಿವಶಕ್ತಿ ನಾರಾಯಣನ್ ಎಂಬ 21 ವರುಷದ ತಮಿಳುನಾಡಿನ ಹುಡುಗನನ್ನು ಮುಂದಿನ ಸಾಲಿನಲ್ಲಿ ಆಡಿಸಿದನು. ಲೀಗಿನ ಕಡೆಯ 8 ಪಂದ್ಯಗಳನ್ನು ತಂಡವು ಒಂದೇ ಸಮನೆ ಗೆದ್ದಿತು.

ಹುಡುಗನ ವಿಷಯ ಹಾಗಿರಲಿ. ಬೆಂಚಿನ ಮೇಲೆ ಕೂತವನನ್ನು ಸ್ವಲ್ಪ ನೋಡೋಣ. ಸಭೆಯಲ್ಲಿ ನಮ್ಮ ಕೈಯಿಂದ ಕಾಣಿಕೆಯ ತಟ್ಟೆಯನ್ನು ಒಂದು ವಾರ ತೆಗೆದು ಬೇರೊಬ್ಬನಿಗೆ ಕೊಟ್ಟರೆ ನಾವು ಮೂರು ತಿಂಗಳು ಮುಖ ಕೊಟ್ಟು ಮಾತನಾಡುವದಿಲ್ಲ. ಛೆಟ್ರಿಯಾದರೋ ಕರೆ ಬಂದಾಗಲೆಲ್ಲಾ ಸಿದ್ಧನಾಗಿದ್ದನು. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡದ ಎದುರು ಹೊರಗಿನಿಂದ ಒಳಗೆ ಬಂದು ಆ ದಿನದ ಒಂದೇ ಗೋಲನ್ನು ಹೊಡೆದವನು ಆತನೇ. ನಾಲ್ಕು ದಿನಗಳಾದ ಮೇಲೆ ಮುಂಬಯಿಯಲ್ಲಿಯೂ ಹಾಗೆಯೇ ಆಯಿತು. ಮಾರ್ಚ್ 18ರಂದು ಗೋವೆಯ ಫತೋರ್ಡಾದಲ್ಲಿ ಅಂತಿಮ ಪಂದ್ಯ ನಡೆದಾಗಲೂ ಮೊದಲು ಬಯಲಿಗಿಳಿದವನು ಶಿವಶಕ್ತಿಯೇ. ಆದರೆ ಐದು ನಿಮಿಷ ತುಂಬುವದರೊಳಗೆ ಆತನು ಗಾಯಗೊಂಡು ಹೊರಗೆ ಬರಬೇಕಾಯಿತು. ಆತನ ಬದಲಾಗಿ ಒಳಗೆ ಹೋದವನು ಛೆಟ್ರಿ. ಎಳೆಯನಿಗೆ ಸ್ಥಳ ಬಿಟ್ಟುಕೊಟ್ಟ ಹಿರಿಯನು ದೂರ ಹೋಗಿರಲಿಲ್ಲ. ಬಿದ್ದವನ ಭಾರವನ್ನು ಹೊರುವಷ್ಟು ಹತ್ತಿರದಲ್ಲಿಯೇ ಕೂತಿದ್ದನು.

ಆ ಪಂದ್ಯವನ್ನು ಅವರು ಗೆಲ್ಲಲಿಲ್ಲ ಎಂಬದನ್ನು ಮರೆಮಾಡುವದು ಸರಿಯಲ್ಲ. 2–2 ಸಮವಾಗಿ, ಪೆನಾಲ್ಟಿಗಳಲ್ಲಿ ಸೋತರು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ ಗ್ರೇಸನ್ನನ ಕೆಲಸವೂ ಹೋಯಿತು. ಎಳೆಯರನ್ನು ನಂಬುವದು ಲಾಭದ ವ್ಯಾಪಾರವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಆದರೂ ಆತನ ಬದಲಾಗಿ ಬಂದ ಸ್ಪೇನ್ ದೇಶದ ಗೆರಾರ್ಡ್ ಸರಗೋಸಾ ಹುಡುಗರಿಗೆ ಬಾಗಿಲು ಮುಚ್ಚಲಿಲ್ಲ. 2024ರ ಸೆಪ್ಟೆಂಬರ್ 14ರಂದು ಈಸ್ಟ್ ಬೆಂಗಾಲ್ ತಂಡದ ಮೇಲೆ ಬೆಂಗಳೂರು 1–0 ಗೆದ್ದಾಗ ಆ ಗೋಲು ಹೊಡೆದವನು ತಂಡದ ಅಕಾಡೆಮಿಯಲ್ಲಿಯೇ ಕಲಿತ ನಮ್ಮ ಬೆಂಗಳೂರಿನ ವಿನೀತ್ ವೆಂಕಟೇಶ್, ವಯಸ್ಸು 19.

ಈಗ ನಮ್ಮ ಪಾಠಕ್ಕೆ ಬರೋಣ. ಮಾರ್ಕನೆಂಬ ಯೋಹಾನನು ಮೊದಲನೆಯ ಪ್ರಯಾಣದಲ್ಲಿ ಪಂಫುಲ್ಯದಿಂದಲೇ ಹಿಂದಿರುಗಿ ಯೆರೂಸಲೇಮಿಗೆ ಹೋಗಿಬಿಟ್ಟನು. ಕಾರಣವನ್ನು ಲೂಕನು ಬರೆದಿಲ್ಲ. ಎರಡನೆಯ ಸಾರಿ ಹೊರಡುವಾಗ, ಅಂಥವನು ಬೇಡವೆಂದನು ಪೌಲನು. ಕರೆದುಕೊಂಡೇ ಹೋಗೋಣವೆಂದನು ಬಾರ್ನಬನು. ಬಾರ್ನಬನಿಗೆ ಈತನು ಸಂಬಂಧಿಕನಾಗಿದ್ದನೆಂಬದು ನಿಜ. ಅದಕ್ಕಾಗಿಯೇ ಪಕ್ಷ ವಹಿಸಿದನೆಂದು ಅಂದಿನ ಸಭೆಯಲ್ಲಿಯೂ ಕೆಲವರು ಗುಣುಗುಟ್ಟಿರಬಹುದು. ಆದರೆ ಯೆರೂಸಲೇಮಿನ ಶಿಷ್ಯರೆಲ್ಲರೂ ಸೌಲನಿಗೆ ಅಂಜಿ ದೂರ ನಿಂತಿದ್ದ ಕಾಲದಲ್ಲಿ, ಆ ಸೌಲನ ಕೈಹಿಡಿದು ಅಪೊಸ್ತಲರ ಬಳಿಗೆ ಕರೆತಂದವನೂ ಇದೇ ಬಾರ್ನಬನಲ್ಲವೇ? ಆಗ ಆತನು ತಾಳಲಿ ಎಂದಿದ್ದರೆ, ಮಾರ್ಕನನ್ನು ಬೇಡವೆನ್ನುವದಕ್ಕೆ ಪೌಲನಾದರೂ ಎಲ್ಲಿರುತ್ತಿದ್ದನು? ಇಬ್ಬರಿಗೂ ತೀಕ್ಷ್ಣ ವಾಗ್ವಾದವಾಗಿ ಅವರು ಅಗಲಿದರು. ಬಾರ್ನಬನು ಮಾರ್ಕನನ್ನು ಕರೆದುಕೊಂಡು ಹಡಗು ಹತ್ತಿ ಕುಪ್ರದ್ವೀಪಕ್ಕೆ ಹೋದನು. ಅಲ್ಲಿಂದ ಮುಂದೆ ಅಪೊಸ್ತಲರ ಕೃತ್ಯಗಳಲ್ಲಿ ಬಾರ್ನಬನ ಸಮಾಚಾರವೇ ಇಲ್ಲ.

ಇದನ್ನು ಬರೆಯುವ ನಮ್ಮ ಕೈಗೂ ಒಂದು ತಪ್ಪು ಅಂಟಿಕೊಂಡಿದೆ. ಕೆಲವು ವರುಷಗಳ ಹಿಂದೆ ಒಂದು ಗ್ರಾಮಸಭೆಯಲ್ಲಿ ಹದಿನಾರರ ಹುಡುಗನೊಬ್ಬನು ನೆಹೆಮೀಯನ ಗ್ರಂಥದಿಂದ ಪಾಠ ಓದುತ್ತಾ ಹೆಸರುಗಳಲ್ಲಿ ಎಡವಿದನು. ಒಂದೆರಡು ಬೆಂಚುಗಳಲ್ಲಿ ನಗೆ ಕೇಳಿಸಿತು. ನಾವು ಎದ್ದುಹೋಗಿ ಸತ್ಯವೇದವನ್ನು ಆತನ ಕೈಯಿಂದ ತೆಗೆದುಕೊಂಡು ಉಳಿದದ್ದನ್ನು ನಾವೇ ಓದಿ ಮುಗಿಸಿದೆವು. ಸಹಾಯ ಮಾಡಿದೆವೆಂದೇ ಆ ದಿನ ನೆನಸಿದ್ದೆವು. ಆತನು ಈಗ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಾನೆ. ಆದಿತ್ಯವಾರ ಬಿಡುವಿದ್ದರೂ ಆಲಯಕ್ಕೆ ಬರುವದಿಲ್ಲ.

ಪೌಲನು ಮುಪ್ಪಿನಲ್ಲಿ ಸೆರೆಯಿಂದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕಡೆಯ ಅಧ್ಯಾಯವನ್ನು ತೆರೆದು ನೋಡಿರಿ. ಬರುವಾಗ ಮಾರ್ಕನನ್ನು ಕರೆದುಕೊಂಡು ಬಾ, ಆತನು ನನಗೆ ಬೇಕಾದವನು ಎಂಬ ಅರ್ಥದ ಮಾತು ಅಲ್ಲಿದೆ. ಅದನ್ನು ಓದಿದ ಮೇಲೆ ಸುಮ್ಮನಿರಲಾರದೆ ಹೋದ ವಾರ ಆ ಹುಡುಗನ ಮನೆಗೆ ಹೋದೆವು. ಆತನ ತಾಯಿ ಕಾಫಿ ಕೊಟ್ಟರು. ಅಂದಿನದು ನಮ್ಮ ತಪ್ಪೆಂದು ಹೇಳಿದೆವು. ಆತನು ಬಹಳ ಹೊತ್ತು ಲೋಟವನ್ನೇ ನೋಡುತ್ತಾ ಕೂತಿದ್ದು, "ನೋಡೋಣ ಅಯ್ಯನವರೇ" ಅಂದನು. ಬರುವ ತಿಂಗಳ ಮೊದಲನೆಯ ಆದಿತ್ಯವಾರದ ಪಾಠಕ್ಕೆ ಆತನ ಹೆಸರನ್ನು ಬರೆದಿದ್ದೇವೆ. ನೆಹೆಮೀಯನ ಅದೇ ಅಧ್ಯಾಯ; ಹೆಸರುಗಳು ಕಷ್ಟವೇ. ನಾವು ಎರಡನೆಯ ಬೆಂಚಿನಲ್ಲಿ ಕೂತಿರುತ್ತೇವೆ.